ಹತ್ತು ಪ್ರತಿ, ಒಂದು ತಾರೀಖು

ಚೀಲದಲ್ಲಿ ಒಂಬತ್ತು ಪುಸ್ತಕಗಳಿದ್ದವು. ಇರಬೇಕಾದದ್ದು ಹತ್ತು. ತಂದುಕೊಟ್ಟ ಹಿರಿಯ ಮಹಿಳೆ ತಾವೇ ಎರಡು ಸಲ ಎಣಿಸಿದರು. ಹತ್ತನೆಯದು ಮಗಳ ಮನೆಗೆ ಹೋಗಿರುವ ಗೆಳತಿಯ ಹತ್ತಿರ ಇದೆ, ತಿಂಗಳ ಕೊನೆಗೆ ಬರುತ್ತದೆ ಎಂದರು. ಅಮೆರಿಕದ ಒಂದು ಸಣ್ಣ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ನಾನು ವಾರಕ್ಕೆರಡು ಮಧ್ಯಾಹ್ನ ಸ್ವಯಂಸೇವಕಿಯಾಗಿ ಕೆಲಸ ಮಾಡುತ್ತಿದ್ದ ದಿನಗಳವು. ಚೀಲ ಪೂರ್ತಿಯಾಗದೆ ಜಮೆ ಮಾಡಿಕೊಳ್ಳುವಂತಿಲ್ಲ ಎಂಬುದು ಅಲ್ಲಿಯ ನಿಯಮ. ಒಂಬತ್ತು ಪುಸ್ತಕಗಳು ಹಿಂದಿನ ಕೋಣೆಯ ಕಪಾಟಿನಲ್ಲಿ ಮೂರು ವಾರ ಕೂತವು. ಅಲ್ಲಿಂದ ಮುಕ್ಕಾಲು ಗಂಟೆ ದೂರದ ಊರೊಂದರಲ್ಲಿ ಏಳು ಜನರ ಬಳಗ ಅದೇ ಚೀಲಕ್ಕಾಗಿ ಕಾಯುತ್ತಿತ್ತು. ಏಳು ಜನಕ್ಕೆ ಒಂಬತ್ತು ಪುಸ್ತಕ ಸಾಕಾಗಿ ಎರಡು ಮಿಗುತ್ತಿದ್ದವು. ಇದು ಕೌಂಟರಿನಲ್ಲಿದ್ದ ಎಲ್ಲರಿಗೂ ಹೊಳೆದಿತ್ತು. ಆದರೆ ಹಾಗೆ ಕಳಿಸಿಕೊಡಲು ವ್ಯವಸ್ಥೆಯಲ್ಲಿ ದಾರಿ ಇರಲಿಲ್ಲ. ಹತ್ತನೆಯ ಪ್ರತಿ ಬರುವ ಹೊತ್ತಿಗೆ ಆ ಬಳಗ ಸೇರುವ ಗುರುವಾರ ಕಳೆದುಹೋಗಿತ್ತು.

ಬುಕ್ ಕ್ಲಬ್ ಕಿಟ್ ಎಂಬ ಪದ್ಧತಿಯನ್ನು ನಾನು ತುಂಬ ಮೆಚ್ಚಿಕೊಂಡವಳು. ಅದಕ್ಕೇ ಆ ಚೀಲ ಇನ್ನೂ ಮನಸ್ಸಿನಿಂದ ಇಳಿದಿಲ್ಲ. ಒಂದೇ ಪುಸ್ತಕದ ಎಂಟರಿಂದ ಹದಿನೈದು ಪ್ರತಿ, ಚರ್ಚೆಗೆ ಪ್ರಶ್ನೆಗಳಿರುವ ಒಂದು ಕೈಪಿಡಿ, ಕೆಲವೊಮ್ಮೆ ಕಣ್ಣು ಮಂಜಾದವರಿಗೆಂದು ದಪ್ಪಕ್ಷರದ ಒಂದು ಪ್ರತಿ. ಇಷ್ಟನ್ನು ಬಟ್ಟೆಚೀಲಕ್ಕೋ ಪ್ಲಾಸ್ಟಿಕ್ ಡಬ್ಬಕ್ಕೋ ತುಂಬಿ ಬಳಗದ ಒಬ್ಬರ ಕಾರ್ಡಿನ ಮೇಲೆ ಸಾಮಾನ್ಯವಾಗಿ ಆರು ವಾರಕ್ಕೆ ಎರವಲು ಕೊಡುತ್ತಾರೆ. ಹತ್ತು ಪ್ರತಿ ಕೊಳ್ಳಲು ನೂರೈವತ್ತು ಡಾಲರಿಗೂ ಮೇಲೆ ಬೇಕು. ನಿವೃತ್ತಿವೇತನದಲ್ಲಿ ಬದುಕುವವರು, ವೃದ್ಧಾಶ್ರಮದವರು, ಹೊಸದಾಗಿ ವಲಸೆ ಬಂದವರು ಕೂಡಿ ಓದಬೇಕೆಂದರೆ ಈ ಚೀಲವೇ ಗತಿ.

ಪುಸ್ತಕದ ಪೆಟ್ಟಿಗೆ ಊರೂರಿಗೆ ಹೋಗುವುದೇನೂ ಹೊಸದಲ್ಲ. 1893ರಲ್ಲಿ ಗ್ರಂಥಪಾಲ ಮೆಲ್ವಿಲ್ ಡ್ಯೂಯಿ ನ್ಯೂಯಾರ್ಕ್ ರಾಜ್ಯದ ಹಳ್ಳಿಗಳಿಗೆ ನೂರು ನೂರು ಪುಸ್ತಕಗಳ ಸಂಚಾರಿ ಪೆಟ್ಟಿಗೆ ಕಳಿಸತೊಡಗಿದರು. 1910ರಲ್ಲಿ ಮಹಾರಾಜ ಸಯಾಜಿರಾವ್ ಗಾಯಕವಾಡರು ಬರೋಡಾಕ್ಕೆ ಕರೆಸಿಕೊಂಡ ಅಮೆರಿಕದ ಗ್ರಂಥಪಾಲ ವಿಲಿಯಂ ಬೋರ್ಡನ್ ಆ ಸಂಸ್ಥಾನದಲ್ಲೂ ಸಂಚಾರಿ ಗ್ರಂಥಾಲಯಗಳಿಗೆ ದಾರಿ ಮಾಡಿದರು. ಆದರೆ ಆ ಪೆಟ್ಟಿಗೆಗಳಲ್ಲಿ ಇದ್ದದ್ದು ಬೇರೆ ಬೇರೆ ಪುಸ್ತಕ. ಒಬ್ಬೊಬ್ಬರು ಒಂದೊಂದನ್ನು ಹಿಡಿದು ತಮ್ಮ ತಮ್ಮ ಮನೆಯಲ್ಲಿ ಓದಿಕೊಂಡರೆ ಅಲ್ಲಿಗೆ ಕೆಲಸ ಮುಗಿಯಿತು. ಕಿಟ್‌ನದು ಬೇರೆ ಉದ್ದೇಶ. ಓದು ಮುಗಿದ ಮೇಲೆ ಅದರ ಕೆಲಸ ಶುರುವಾಗುತ್ತದೆ, ಹತ್ತು ಜನ ಒಂದು ಕೋಣೆಯಲ್ಲಿ ಕೂತಾಗ. 1947ರಲ್ಲಿ ಶಿಕಾಗೋದಲ್ಲಿ ಹುಟ್ಟಿದ ಗ್ರೇಟ್ ಬುಕ್ಸ್ ಫೌಂಡೇಶನ್, 1996ರ ಸೆಪ್ಟೆಂಬರ್‌ನಲ್ಲಿ ಟೀವಿಯಲ್ಲಿ ಆರಂಭವಾದ ಓಪ್ರಾ ವಿನ್‌ಫ್ರಿಯವರ ಬುಕ್ ಕ್ಲಬ್, 1998ರಲ್ಲಿ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಸಿಯಾಟಲ್ ನಗರವನ್ನೆಲ್ಲ ರಸೆಲ್ ಬ್ಯಾಂಕ್ಸ್‌ರ ಒಂದೇ ಕಾದಂಬರಿ ಓದಲು ಕರೆದದ್ದು, ಇವೆಲ್ಲ ಕೂಡಿ ಓದುವ ಆಸೆಯನ್ನು ಹಬ್ಬಿಸಿದವು. ಅಷ್ಟು ಪ್ರತಿಗಳನ್ನು ಎಲ್ಲಿಂದ ತರುವುದು ಎಂಬ ಚಿಂತೆಯನ್ನು ಗ್ರಂಥಾಲಯಗಳು ತಮ್ಮ ಮೇಲೆ ಹಾಕಿಕೊಂಡವು.

ತೊಡಕು ಹುಟ್ಟಿದ್ದು ಗ್ರಂಥಾಲಯಗಳು ಒಂದಾದಾಗ. ಒಂದಾಗಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಜಾರ್ಜಿಯಾ ರಾಜ್ಯದ ಪೈನ್ಸ್ ಒಕ್ಕೂಟವನ್ನೇ ನೋಡಿ. ರಾಜ್ಯದ 250ಕ್ಕೂ ಹೆಚ್ಚು ಗ್ರಂಥಾಲಯಗಳಿಗೆ ಒಂದೇ ಕಾರ್ಡು, ಒಂದೇ ಕ್ಯಾಟಲಾಗು. ಅಷ್ಟು ದೊಡ್ಡ ಕೂಟಕ್ಕೆ ಒಗ್ಗುವ ತಂತ್ರಾಂಶ ಸಿಗದೆ ಅವರು ಎವರ್‌ಗ್ರೀನ್ ಎಂಬುದನ್ನು ತಾವೇ ಬರೆಸಿ, 2006ರ ಸೆಪ್ಟೆಂಬರ್‌ನಲ್ಲಿ ಬಳಕೆಗೆ ತಂದು, ಬೇರೆಯವರೂ ಬಳಸಲೆಂದು ಮುಕ್ತವಾಗಿ ಬಿಟ್ಟರು. ಬಡ ಹಳ್ಳಿಯ ಓದುಗನಿಗೂ ಅಟ್ಲಾಂಟಾ ಸುತ್ತಲಿನ ಕಪಾಟುಗಳು ತೆರೆದುಕೊಂಡದ್ದು ಸಣ್ಣ ಸಂಗತಿಯಲ್ಲ. ಇಂಥ ಕೂಟಗಳ ಜೀವಾಳ ಹೋಲ್ಡ್. ಓದುಗ ಪುಸ್ತಕ ಬೇಕೆಂದು ಗುರುತು ಹಾಕುತ್ತಾನೆ, ಸರತಿ ಸಾಲಿನಲ್ಲಿ ಅವನ ಹೆಸರು ನಿಲ್ಲುತ್ತದೆ, ಎಲ್ಲಿಯದಾದರೂ ಒಂದು ಪ್ರತಿ ಬಿಡುವಾದ ಕ್ಷಣ ವ್ಯಾನಿನಲ್ಲಿ ಅವನ ಊರಿಗೆ ಹೊರಡುತ್ತದೆ. ಒಬ್ಬ ಓದುಗ, ಒಂದು ಪುಸ್ತಕ, ಆದಷ್ಟು ಬೇಗ. ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ಗೊತ್ತಿಲ್ಲ.

ಬಳಗಕ್ಕೆ ಮಾತ್ರ ‘ಆದಷ್ಟು ಬೇಗ’ ಬೇಡ. ಅದಕ್ಕೆ ಬೇಕಾದದ್ದು ತಾರೀಖು. ನಾವು ಮದುವೆ ಛತ್ರಕ್ಕೆ ಸರತಿಯಲ್ಲಿ ನಿಲ್ಲುವುದಿಲ್ಲ. ಮೇ ತಿಂಗಳ ಹನ್ನೊಂದಕ್ಕೆ ಮದುವೆ ಎಂದರೆ ಛತ್ರ ಹನ್ನೊಂದಕ್ಕೇ ಬೇಕು. ಏಪ್ರಿಲ್ ಇಪ್ಪತ್ತಕ್ಕೆ ಖಾಲಿಯಾಯಿತು, ಬಂದು ಕೀಲಿ ತೆಗೆದುಕೊಂಡು ಹೋಗಿ ಎಂದು ಯಾರಾದರೂ ಕರೆದರೆ ಅದರಿಂದ ಏನೂ ಪ್ರಯೋಜನವಿಲ್ಲ. ಕಿಟ್‌ಗಳನ್ನು ಹೋಲ್ಡ್ ಸಾಲಿಗೆ ಹಾಕಿದ ಒಕ್ಕೂಟಗಳಲ್ಲಿ ಆಗುವುದು ಇದೇ. ಹಿಂದಿನ ಬಳಗ ಎರಡು ವಾರ ಮೊದಲೇ ಚೀಲ ಮರಳಿಸಿತೆನ್ನಿ. ಮುಂದಿನವರ ಸರದಿ ಆಗಲೇ ಬಂದುಬಿಡುತ್ತದೆ. ಅವರ ಸಭೆ ಇನ್ನೂ ದೂರ. ಆರು ವಾರದ ಎಣಿಕೆ ಈಗಲೇ ಶುರುವಾದರೆ ಸಭೆಗೆ ಮೊದಲೇ ಅವಧಿ ಮುಗಿಯುತ್ತದೆ. ಒಯ್ಯದಿದ್ದರೆ ಕೆಲವೇ ದಿನಗಳಲ್ಲಿ ಹೋಲ್ಡ್ ಕಪಾಟಿನಿಂದ ಚೀಲವನ್ನು ಎತ್ತುತ್ತಾರೆ, ಸರದಿಯೂ ಹೋಗುತ್ತದೆ. ಹೋಲ್ಡ್ ಅನ್ನು ಇಂಥ ದಿನದವರೆಗೆ ತಡೆಹಿಡಿ ಎಂದು ಹೇಳುವ ಸೌಕರ್ಯ ಎವರ್‌ಗ್ರೀನ್‌ನಲ್ಲಿದೆ, ನಿಜ. ಆದರೆ ಆ ದಿನ ಬೆಳಗಾದಾಗ ಚೀಲ ಕಪಾಟಿನಲ್ಲೇ ಇರುತ್ತದೆಂಬ ಭರವಸೆ ಅದರಲ್ಲಿಲ್ಲ.

ಬಳಗದ ಲೆಕ್ಕವನ್ನು ಬಿಡಿಸಿ ಹೇಳಬೇಕು. ತಿಂಗಳಿಗೊಮ್ಮೆ ಸೇರುವವರು ಈ ತಿಂಗಳ ಸಭೆಯಲ್ಲಿ ಪುಸ್ತಕ ಹಂಚಿಕೊಂಡು ಮುಂದಿನ ಸಭೆಯಲ್ಲಿ ಮರಳಿಸುತ್ತಾರೆ. ಅಲ್ಲಿಗೆ ನಾಲ್ಕು ವಾರ, ತಿಂಗಳು ಉದ್ದವಾದರೆ ಐದು. ತರಲು, ಕೊಡಲು ಹಿಂದೆ ಮುಂದೆ ಕೆಲವು ದಿನ. ಆರು ವಾರ ಎಂಬ ಅವಧಿ ಹುಟ್ಟಿದ್ದು ಹೀಗೆ. ವ್ಯಾನಿನ ಪ್ರಯಾಣಕ್ಕೆ, ಎಣಿಸಿ ಜೋಡಿಸಲು ಇನ್ನೊಂದು ವಾರ. ಅಂದರೆ ಒಂದು ಚೀಲ ವರ್ಷಕ್ಕೆ ಹೆಚ್ಚೆಂದರೆ ಏಳು ಬಳಗಗಳಿಗೆ ಸಿಗಬಹುದು. ಸರತಿಯ ಗೊಂದಲದಲ್ಲಿ ಎರಡು ಸರದಿ ಹಾಳಾದರೆ ಎರಡು ಊರಿನ ಮಾತುಕತೆ ನಿಂತಂತೆ. ಎವರ್‌ಗ್ರೀನ್‌ನಲ್ಲಿ ತಾರೀಖಿನ ಮೇಲೆ ಕಾಯ್ದಿರಿಸುವ ಒಂದು ವಿಭಾಗವೂ ಇದೆ, ಕೋಣೆ, ಪ್ರೊಜೆಕ್ಟರ್‌ಗಳಂಥವಕ್ಕೆ ಹೊಂದುವ ಹಾಗೆ. ಕಿಟ್‌ನ ಜಾಗ ಅಲ್ಲಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ. ಇಷ್ಟಾಗಿಯೂ ಎಷ್ಟೋ ಗ್ರಂಥಾಲಯಗಳು ಕಿಟ್‌ಗಳನ್ನು ಇವತ್ತಿಗೂ ಪ್ರತ್ಯೇಕ ಫಾರಂ, ಸ್ಪ್ರೆಡ್‌ಶೀಟುಗಳಲ್ಲಿ ನೋಡಿಕೊಳ್ಳುತ್ತಿವೆ. ಒಬ್ಬ ಸಿಬ್ಬಂದಿಯ ತಲೆಯಲ್ಲಿ ಎಲ್ಲ ಲೆಕ್ಕವಿರುತ್ತದೆ, ಅವರು ರಜೆ ಹಾಕಿದ ವಾರ ಚೀಲಗಳು ಹೊರಡುವುದಿಲ್ಲ.

ಕ್ಯಾಟಲಾಗಿನಲ್ಲಿ ಕಿಟ್ ಅನ್ನು ಹೇಗೆ ಬರೆಯುತ್ತಾರೆ ಎಂಬುದು ಒಣ ವಿಷಯವೆಂದು ಕೆಲವರಿಗೆ ತೋರಬಹುದು. ಓದುಗರು ಕಷ್ಟಕ್ಕೆ ಸಿಕ್ಕುವುದು ಮಾತ್ರ ಇಲ್ಲೇ. ಚೀಲದ ಪ್ರತಿ ಪುಸ್ತಕಕ್ಕೂ ಬೇರೆ ಬಾರ್‌ಕೋಡ್ ಅಂಟಿಸಿ ಸಾಮಾನ್ಯ ಪ್ರತಿಗಳ ಜೊತೆಗೇ ನಮೂದಿಸಿದರೆ, ಎಲ್ಲೋ ಒಬ್ಬ ಓದುಗ ಹಾಕಿದ ಹೋಲ್ಡ್‌ಗೆ ತಂತ್ರಾಂಶ ಚೀಲದೊಳಗಿನ ಪ್ರತಿಯನ್ನೇ ಹುಡುಕಿ ಕಳಿಸಿಬಿಡುತ್ತದೆ. ಚೀಲ ಒಡೆಯುತ್ತದೆ. ಇಡೀ ಚೀಲಕ್ಕೆ ಒಂದೇ ಬಾರ್‌ಕೋಡ್ ಕೊಟ್ಟು ಅದನ್ನು ಪುಸ್ತಕದ ದಾಖಲೆಯ ಕೆಳಗೇ ಇಟ್ಟರೆ ಉಲ್ಟಾ ಆಗುತ್ತದೆ. ಒಂದು ಪುಸ್ತಕ ಕೇಳಿದವನ ಕೈಗೆ ಹತ್ತು ಪುಸ್ತಕದ ಚೀಲ ಬರುತ್ತದೆ. ಇನ್ನು ಒಕ್ಕೂಟದ ಮೂರು ಊರುಗಳಲ್ಲಿ ಅದೇ ಕಾದಂಬರಿಯ ಕಿಟ್ ಇದ್ದು ಒಂದರಲ್ಲಿ ಎಂಟು, ಇನ್ನೊಂದರಲ್ಲಿ ಹನ್ನೆರಡು, ಮತ್ತೊಂದರಲ್ಲಿ ಹದಿನೈದು ಪ್ರತಿ ಇದ್ದರೆ, ಹೋಲ್ಡ್‌ಗೆ ಆ ವ್ಯತ್ಯಾಸ ಕಾಣದು. ಹನ್ನೆರಡು ಜನಕ್ಕೆ ಎಂಟು ಪುಸ್ತಕ ಬಂದು ನಿಲ್ಲುತ್ತವೆ. ಕಿಟ್‌ಗೆ ತನ್ನದೇ ದಾಖಲೆ, ಹೆಸರಿನಲ್ಲೇ ಕಿಟ್ ಎಂಬ ಮಾತು, ಕಣ್ಣಿಗೆ ಬೀಳುವಂತೆ ಪ್ರತಿಗಳ ಸಂಖ್ಯೆ, ಇಷ್ಟು ಇರಲೇಬೇಕು. ಒಕ್ಕೂಟದ ಎಲ್ಲರೂ ಒಂದೇ ರೀತಿ ಬರೆಯದಿದ್ದರೆ ಇದೂ ಕೆಲಸಕ್ಕೆ ಬರುವುದಿಲ್ಲ.

ಸಾಗಾಟದ ಕಷ್ಟವೂ ಇದೆ. ಪುಸ್ತಕ ವಿಂಗಡಿಸುವ ಯಂತ್ರಗಳಿಗೆ ಚೀಲದ ಪಟ್ಟಿಗಳು ಸಿಕ್ಕಿಕೊಳ್ಳುತ್ತವೆ, ಕೈಯಲ್ಲೇ ಎತ್ತಿಡಬೇಕು. ತೂಕದ ಮಾತಂತೂ ಎತ್ತುವವರ ಬೆನ್ನಿಗೇ ಗೊತ್ತು.

ನನಗೆ ಇದೆಲ್ಲಕ್ಕಿಂತ ಹೆಚ್ಚು ನೋವು ಕೊಡುವುದು ಹೊಣೆಯ ಪ್ರಶ್ನೆ. ಹತ್ತು ಜನ ಓದಿದರೂ ಎರವಲು ಒಬ್ಬರ ಕಾರ್ಡಿನ ಮೇಲೆ. ಒಂದು ಪ್ರತಿ ಕಳೆದರೆ ಇಡೀ ಕಿಟ್‌ನ ಬೆಲೆ ಅವರ ಖಾತೆಗೆ ಬೀಳುವಂಥ ನಿಯಮಗಳೂ ಉಂಟು. ಅಂಥ ಹೊಣೆ ಹೊರಲು ಯಾರು ಮುಂದೆ ಬರುತ್ತಾರೆ? ಕೈಯಲ್ಲಿ ಕಾಸಿದ್ದವರು. ಕಿಟ್ ಯಾರಿಗಾಗಿ ಹುಟ್ಟಿತೋ ಅವರೇ ಹೆದರಿ ಹಿಂದೆ ಸರಿಯುತ್ತಾರೆ. ನಮ್ಮ ಊರುಗಳ ಶಾಮಿಯಾನ ಅಂಗಡಿಯವರು ಮದುವೆಗೆ ಪಾತ್ರೆ ಬಾಡಿಗೆ ಕೊಡುವುದನ್ನು ನೋಡಿ ಬೆಳೆದವಳು ನಾನು. ಹಂಡೆ, ಕೊಳಗ, ಸೌಟು ಎಲ್ಲವನ್ನೂ ಎಣಿಸಿ ಕೊಡುತ್ತಾರೆ, ಎಣಿಸಿ ತೆಗೆದುಕೊಳ್ಳುತ್ತಾರೆ. ಒಂದು ಸೌಟು ಕಡಿಮೆ ಬಂದರೆ ಸೌಟಿನ ದುಡ್ಡು ಕೇಳುತ್ತಾರೆ. ಉಳಿದ ಪಾತ್ರೆಗಳು ಅದೇ ಸಂಜೆ ಇನ್ನೊಂದು ಮದುವೆಗೆ ಹೋಗುತ್ತವೆ, ಕಳೆದ ಸೌಟಿಗಾಗಿ ಯಾವ ಮದುವೆಯೂ ನಿಲ್ಲುವುದಿಲ್ಲ. ಗ್ರಂಥಾಲಯ ಇದನ್ನು ಕಲಿಯಬೇಕು. ಒಂಬತ್ತಿದ್ದರೆ ಒಂಬತ್ತು ಎಂದು ಬರೆದು ಕಳಿಸಲಿ. ಹತ್ತನೆಯದು ಬಂದಾಗ ಸೇರಿಕೊಳ್ಳಲಿ.

ಇನ್ನು ಚೀಲದೊಳಗಿನ ಆಯ್ಕೆ. ಪುಸ್ತಕ ಕೊಳ್ಳಲು ದುಡ್ಡು ಹಲವೆಡೆ ಗ್ರಂಥಾಲಯದ ಗೆಳೆಯರ ಸಂಘಗಳಿಂದ ಬರುತ್ತದೆ. ಕೆಲವು ಸಲ ಓದಿ ಮುಗಿಸಿದ ಬಳಗವೇ ತನ್ನ ಹತ್ತು ಪ್ರತಿಗಳನ್ನು ದಾನ ಕೊಡುತ್ತದೆ. ದೊಡ್ಡ ಮನಸ್ಸಿನ ಕೆಲಸವೇ, ಆದರೆ ಇದರಿಂದಾಗಿ ಕಪಾಟು ತುಂಬುವುದು ನಾಲ್ಕೈದು ವರ್ಷ ಹಿಂದೆ ಎಲ್ಲರೂ ಓದಿದ ಕಾದಂಬರಿಗಳಿಂದ. ಅನುವಾದಗಳು ತೀರಾ ಕಡಿಮೆ. ಮಾತಿಗೆ ಅವಕಾಶ ಕೊಡುವ ಪುಸ್ತಕ ಎಂದರೆ ನನಗೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ನೆನಪಾಗುತ್ತದೆ. ಶ್ರೀನಾಥ್ ಪೆರೂರ್ ಇಂಗ್ಲಿಷಿಗೆ ತಂದ ಈ ಕಿರುಕಾದಂಬರಿಯನ್ನು ಎರಡು ಸಂಜೆಯಲ್ಲಿ ಓದಬಹುದು. ಹೇಳದೆ ಬಿಟ್ಟದ್ದನ್ನು ಕುರಿತು ಒಂದು ಕೋಣೆ ತುಂಬ ಜನ ರಾತ್ರಿಯವರೆಗೂ ವಾದ ಮಾಡಬಹುದು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ಇಂಥ ಚೀಲಗಳಿಗೆ ಹೇಳಿ ಮಾಡಿಸಿದಂತಿವೆ. ಹತ್ತು ಪ್ರತಿಯ ಚೀಲ ಎಂಟು ಹತ್ತು ವರ್ಷ ಊರೂರು ತಿರುಗುತ್ತದೆ. ಬಹುಮಾನದ ಸುದ್ದಿ ಆರಿದ ಮೇಲೂ ಕನ್ನಡದ ಕಥೆಯೊಂದು ಅಯೋವಾದ ಯಾವುದೋ ಅಡುಗೆಮನೆಯಲ್ಲಿ ಮಾತಾಗುತ್ತಿರುತ್ತದೆ.

ಪ್ರಶ್ನೆಗಳ ಕೈಪಿಡಿಯ ಬಗ್ಗೆ ನನಗೆ ಗೌರವ ಕಡಿಮೆ. ಹೆಚ್ಚಿನವು ಪ್ರಕಾಶಕರು ಪುಸ್ತಕದ ಕೊನೆಗೆ ಅಚ್ಚು ಹಾಕಿದವೇ. ಪಾತ್ರ ಇಷ್ಟವಾಯಿತೇ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ, ಇಷ್ಟಕ್ಕೇ ನಿಲ್ಲುತ್ತವೆ. ಒಂದು ಚೀಲದಲ್ಲಿ ಮಾತ್ರ ಯಾರೋ ನೂರು ಪುಟದ ಒಂದು ನೋಟ್‌ಪುಸ್ತಕ ಇಟ್ಟಿದ್ದರು. ಓದಿದ ಪ್ರತಿ ಬಳಗವೂ ಅದರಲ್ಲಿ ಅರ್ಧ ಪುಟ ಬರೆದಿತ್ತು. ಎಲ್ಲಿ ಜಗಳವಾಯಿತು, ಯಾವ ಅಧ್ಯಾಯ ಯಾರಿಗೂ ಅರ್ಥವಾಗಲಿಲ್ಲ, ಯಾರು ಅತ್ತರು. ಒಂದೇ ಒಕ್ಕೂಟದ ಹನ್ನೊಂದು ಊರುಗಳ ಕೈಬರಹ ಅಲ್ಲಿತ್ತು. ಗ್ರಂಥಾಲಯಗಳು ಒಂದಾದದ್ದರ ಅರ್ಥ ನನಗೆ ಆ ನೋಟ್‌ಪುಸ್ತಕದಲ್ಲಿ ಕಂಡಷ್ಟು ಕ್ಯಾಟಲಾಗಿನಲ್ಲಿ ಕಾಣಲಿಲ್ಲ.

ಒಳ್ಳೆಯ ಮಾದರಿ ಇಲ್ಲವೆಂದಲ್ಲ. ನ್ಯೂಜಿಲೆಂಡಿನಲ್ಲಿ ಕಾರ್ಮಿಕ ಶಿಕ್ಷಣ ಚಳವಳಿಯ ಮಡಿಲಲ್ಲಿ, ಕ್ರೈಸ್ಟ್‌ಚರ್ಚ್ ನಗರದಲ್ಲಿ ಹುಟ್ಟಿದ ಬುಕ್ ಡಿಸ್ಕಶನ್ ಸ್ಕೀಮ್ ಚಂದಾ ಕಟ್ಟಿದ ಬಳಗಗಳಿಗೆ ತಿಂಗಳಿಗೊಂದು ಪುಸ್ತಕದ ಪ್ರತಿಗಳನ್ನು ಕಳಿಸುತ್ತದೆ. ಬಳಗಗಳು ತಮಗೆ ಬೇಕಾದ ಪುಸ್ತಕಗಳ ಪಟ್ಟಿ ಮೊದಲೇ ಕೊಟ್ಟಿರುತ್ತವೆ. ಜೊತೆಗೆ ಹೋಗುವ ಟಿಪ್ಪಣಿಗಳು ಸ್ಕೀಮಿನವರೇ ಸಿದ್ಧಪಡಿಸಿದವು. ಇಡೀ ಏರ್ಪಾಡು ಬಳಗ ಸೇರುವ ದಿನದ ಸುತ್ತ ಕಟ್ಟಿದ್ದು, ಅದಕ್ಕೇ ಗಟ್ಟಿಯಾಗಿದೆ. ಚಂದಾ ಇರುವುದರಿಂದ ಎಲ್ಲರಿಗೂ ಎಟುಕುವುದಿಲ್ಲ ಎಂಬ ಕೊರತೆ ಇದ್ದೇ ಇದೆ.

ಅದೇ ನ್ಯೂಜಿಲೆಂಡಿನ ಒಂದು ಸಣ್ಣ ಗ್ರಂಥಾಲಯ ಟ್ರಸ್ಟಿಗಾಗಿ 1999ರಲ್ಲಿ ಬರೆದ ಕೊಹಾ ತಂತ್ರಾಂಶ ಇಂದು ಕರ್ನಾಟಕದ ಎಷ್ಟೋ ಕಾಲೇಜು ಗ್ರಂಥಾಲಯಗಳಲ್ಲಿ ನಡೆಯುತ್ತಿದೆ. ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಗ್ರಂಥಾಲಯ ವಿಜ್ಞಾನಿ ರಂಗನಾಥನ್ 1931ರಲ್ಲಿ ಕೊಟ್ಟ ಪಂಚಸೂತ್ರಗಳನ್ನು ಓದಿಯೇ ನಮ್ಮ ಗ್ರಂಥಪಾಲಕರು ಕೆಲಸಕ್ಕೆ ಬರುತ್ತಾರೆ. ಆ ಸೂತ್ರಗಳಲ್ಲಿ ಓದುಗ ಒಬ್ಬನೇ, ಏಕವಚನದಲ್ಲಿ. ಹಳ್ಳಿಯ ಗ್ರಂಥಾಲಯಕ್ಕೆ ಬರುವ ಹೆಣ್ಣುಮಕ್ಕಳು ಮಾತ್ರ ಒಬ್ಬೊಬ್ಬರೇ ಬರುವುದು ಕಡಿಮೆ. ಸ್ವಸಹಾಯ ಸಂಘದವರು ಜೊತೆಯಾಗಿ ಬರುತ್ತಾರೆ, ಜೊತೆಯಾಗಿ ಕೂರುತ್ತಾರೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ, ಮುಂದೆ ಅರಿವು ಕೇಂದ್ರಗಳೆಂದು ಹೆಸರಾದ ಮೇಲೆ ಅಲ್ಲಿ ಜನ ಸೇರಿ ಕೂರುವ ಅವಕಾಶ ಹೆಚ್ಚಿದೆ. ನಮ್ಮಲ್ಲಿ ಹೊಸ ಕಿಟ್ ಕೊಳ್ಳಬೇಕಾಗಿಯೂ ಇಲ್ಲ. ಸಗಟು ಖರೀದಿಯಲ್ಲಿ ಸರ್ಕಾರ ಒಂದೇ ಪುಸ್ತಕದ ನೂರಾರು ಪ್ರತಿ ಕೊಂಡು ಗ್ರಂಥಾಲಯಗಳಿಗೆ ಹಂಚುತ್ತದೆ. ಒಂದೊಂದು ಊರಿನಲ್ಲಿ ಒಂದೊಂದು ಪ್ರತಿ ಒಂಟಿಯಾಗಿ ಕೂತಿರುತ್ತದೆ. ಅಮೆರಿಕದ ಗ್ರಂಥಪಾಲಕಿಯರೂ ಸಿದ್ಧ ಕಿಟ್ ಇಲ್ಲದಾಗ ಹತ್ತು ಊರುಗಳಿಂದ ಒಂದೊಂದು ಪ್ರತಿ ತರಿಸಿ ಬಳಗಕ್ಕೆ ಚೀಲ ಕಟ್ಟಿಕೊಡುವುದನ್ನು ನಾನು ಕಂಡಿದ್ದೇನೆ. ಒಂದು ತಾಲ್ಲೂಕಿನ ಹತ್ತು ಪಂಚಾಯಿತಿಗಳು ಒಂದು ಶೀರ್ಷಿಕೆ ಆರಿಸಿ, ತಮ್ಮ ತಮ್ಮ ಪ್ರತಿಗಳನ್ನು ತಾಲ್ಲೂಕು ಕೇಂದ್ರಕ್ಕೆ ಬರುವವರ ಕೈಯಲ್ಲಿ ಕಳಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಯಾವ ತಿಂಗಳು ಯಾವ ಊರು ಎಂದು ಪೆನ್ನಿನಲ್ಲಿ ಬರೆದರೆ ಚೀಲ ಸಿದ್ಧ. ತಂತ್ರಾಂಶ ಆಮೇಲೆ ಬರಲಿ. ಚೀಲದೊಳಗೆ ಒಂದು ನೋಟ್‌ಪುಸ್ತಕ, ದಾರ ಕಟ್ಟಿದ ಒಂದು ಪೆನ್ನು ಇರಲಿ.