ಎರಡನೆಯ ಕುದುರೆಯ ಸವಾರ

ಬಾದಾಮಿಯ ಕೆಂಪು ಬಂಡೆಗಳನ್ನು ದಿನವೂ ಕಾಣುವವರಿಗೆ ಅಮೆರಿಕದ ಕೌಬಾಯ್ ಚಿತ್ರಗಳ ಬೆಟ್ಟ-ಬಯಲುಗಳು ತೀರ ಪರಕೀಯವೆನಿಸಲಾರವು. ಅದೇ ಬಣ್ಣದ ಕಲ್ಲು, ಅಂಥದೇ ಕುರುಚಲು ಗಿಡ, ಅಂಥದೇ ರಣಬಿಸಿಲು. ಆ ಚಿತ್ರಗಳಲ್ಲಿ ನಾಯಕನ ಕುದುರೆಯ ಹಿಂದೆ ಇನ್ನೊಂದು ಕುದುರೆ ಬರುತ್ತಿರುತ್ತದೆ. ಅದರ ಮೇಲೆ ಕುಳಿತವನು ಗುಂಡು ಹಾರಿದರೆ ಬೆಚ್ಚುತ್ತಾನೆ. ಕುದುರೆ ಕೆನೆದರೆ ಕೆಳಗೆ ಬೀಳುತ್ತಾನೆ. ಊಟದ ಹೊತ್ತಿಗೆ ಮಾತ್ರ ಎಲ್ಲರಿಗಿಂತ ಮುಂದಿರುತ್ತಾನೆ. ಪ್ರೇಕ್ಷಕನು ಕೊಟ್ಟ ಕಾಸಿನಲ್ಲಿ ಅರ್ಧದಷ್ಟಾದರೂ ಇವನಿಂದಲೇ ವಸೂಲಾಗಿರುತ್ತದೆ. ವಿಮರ್ಶಕನು ಬರೆಯಲು ಕುಳಿತಾಗ ಮೊದಲು ಮರೆಯುವುದೂ ಇವನನ್ನೇ. ಕನ್ನಡ ಚಿತ್ರರಂಗದಲ್ಲಿ ಈ ಎರಡನೆಯ ಕುದುರೆಯ ಮೇಲೆ ಬಂದು, ಕೊನೆಗೆ ಲಾಯವನ್ನೇ ಕೊಂಡುಕೊಂಡ ನಟರೊಬ್ಬರಿದ್ದರು. 2024ರ ಏಪ್ರಿಲ್ 16ರಂದು ಬೆಂಗಳೂರಿನಲ್ಲಿ ತೀರಿಕೊಂಡ ದ್ವಾರಕೀಶ್ ಅವರ ವಿಷಯವಾಗಿ ಹೇಳುತ್ತಿದ್ದೇನೆ. ಅವರು ತೀರಿಕೊಂಡಾಗ ಬಂದ ಬರೆಹಗಳಲ್ಲಿ ನಿರ್ಮಾಪಕನ ಸಾಹಸವನ್ನು ಹೊಗಳಿದ್ದೇ ಹೆಚ್ಚು. ನಟನ ಲೆಕ್ಕ ಬಾಕಿ ಉಳಿದಂತಿದೆ.

ಅಗ್ಗದ ಖರ್ಚಿನ ಕೌಬಾಯ್ ಚಿತ್ರಗಳಲ್ಲಿ ಪಕ್ಕದ ಹಾಸ್ಯಗಾರನದು ಒಂದು ಕಸುಬೇ ಆಗಿತ್ತು. ಗಡ್ಡದ ಮುದುಕನಾಗಿ ರಾಯ್ ರೋಜರ್ಸನ ಜತೆ ಬರುತ್ತಿದ್ದ ಗ್ಯಾಬಿ ಹೇಸ್, ಜೀನ್ ಆಟ್ರಿಯ ಪಕ್ಕದಲ್ಲಿ ಹಾಡುತ್ತಿದ್ದ ದಢೂತಿ ಸ್ಮೈಲಿ ಬರ್ನೆಟ್, 'ಫಜ್ಜಿ' ಎಂಬ ಒಂದೇ ಹೆಸರಿನಲ್ಲಿ ಹಲವು ನಾಯಕರಿಗೆ ಜತೆಯಾದ ಆಲ್ ಸೇಂಟ್ ಜಾನ್: ಇವರೆಲ್ಲ ಆ ಕಸುಬಿನವರು. ಸೇಂಟ್ ಜಾನ್ ಮೂಕಚಿತ್ರಗಳ ಕಾಲದಲ್ಲಿ ತನ್ನ ಸೋದರಮಾವ ರಾಸ್ಕೋ ಆರ್ಬಕಲ್‌ನ ನೆರಳಿನಲ್ಲಿ ನಟನೆಗಿಳಿದವನು. ಕೆಲವೇ ದಿನಗಳಲ್ಲಿ ಮುಗಿಸಿಬಿಡುತ್ತಿದ್ದ ಆ ಅಗ್ಗದ ಚಿತ್ರಗಳಲ್ಲಿ ನಾಯಕರು ಬದಲಾದರು, ಫಜ್ಜಿ ಬದಲಾಗಲಿಲ್ಲ. ಅಷ್ಟಾದರೂ ಚಿತ್ರ ಎಂದಿಗೂ ನಾಯಕನದೇ.

ನಮ್ಮಲ್ಲಿ ಈ ಪಾತ್ರ ಅಮೆರಿಕದಿಂದ ಬರಬೇಕಾಗಿರಲಿಲ್ಲ. ಭರತನು ನಾಟ್ಯಶಾಸ್ತ್ರದಲ್ಲಿ ವಿದೂಷಕನ ಲಕ್ಷಣವನ್ನು ಹೇಳುವಾಗ ಅವನು ಕುಳ್ಳನಾಗಿರಬೇಕು, ಹಲ್ಲು ಮುಂದೆ ಬಂದಿರಬೇಕು, ಗೂನನೂ ಬಕ್ಕತಲೆಯವನೂ ವಿಕಾರಮುಖನೂ ಆಗಿರಬೇಕು ಎಂದು ಪಟ್ಟಿ ಮಾಡುತ್ತಾನೆ. ಈ ಪಾಠ ಬಂದಾಗಲೆಲ್ಲ ತರಗತಿಯ ಹಿಂದಿನ ಬೆಂಚಿನಿಂದ ಎರಡು ಹೆಸರು ಕೇಳಿಬರುತ್ತವೆ: ಹಲ್ಲಿಗೆ ನರಸಿಂಹರಾಜು, ಎತ್ತರಕ್ಕೆ ದ್ವಾರಕೀಶ್. ಹುಡುಗರ ಈ ಚೇಷ್ಟೆಯಲ್ಲಿ ವಿಮರ್ಶೆಯೂ ಇದೆ. ಎರಡು ಸಾವಿರ ವರ್ಷಗಳ ಹಿಂದಿನ ಪಟ್ಟಿಯನ್ನು ಹಿಡಿದುಕೊಂಡೇ ನಮ್ಮ ಚಿತ್ರರಂಗ ತನ್ನ ಹಾಸ್ಯಗಾರರನ್ನು ಆರಿಸಿತೋ ಏನೋ ಎಂಬ ಸಂದೇಹ ನನಗೂ ಬಂದದ್ದುಂಟು.

ಆದರೆ ಶಾಸ್ತ್ರಕ್ಕಿಂತ ಹತ್ತಿರದ ತವರು ಇನ್ನೊಂದಿದೆ. ನಮ್ಮ ದೊಡ್ಡಾಟದ ಸಾರಥಿಯನ್ನು ನೋಡಿ. ರಂಗಕ್ಕೆ ಬಂದ ರಾಜನನ್ನು ಹೆಸರೇನು, ಊರೇನು, ಬಂದ ಕಾರಣವೇನು ಎಂದು ತಡೆದು ಕೇಳುವ ಅಧಿಕಾರ ಅವನೊಬ್ಬನಿಗೇ ಇದೆ. ಬಾಗಲಕೋಟೆ-ಬೆಳಗಾವಿ ಸೀಮೆಯ ಶ್ರೀಕೃಷ್ಣ ಪಾರಿಜಾತದಲ್ಲಿ ಭಾಗವತನೂ ದೂತಿಯೂ ಮಾತಿಗೆ ಮಾತು ಬೆಳೆಸುತ್ತಿದ್ದರೆ ಕೃಷ್ಣನೇ ಕಾಯಬೇಕು. ದೇವರ ಆಟವನ್ನು ಊರಿನ ಆಡುಮಾತಿಗೆ ಇಳಿಸುವವರು ಅವರು. ಕಂಪನಿ ನಾಟಕದ ಕಾಲಕ್ಕೆ ಈ ಸಲಿಗೆಗೆ ಒಂದು ಯಾಂತ್ರಿಕ ಕಾರಣವೂ ಕೂಡಿಕೊಂಡಿತು. ದರ್ಬಾರಿನ ದೃಶ್ಯ ಮುಗಿದು ಅರಣ್ಯದ ದೃಶ್ಯ ಬರಬೇಕು. ಒಳಗೆ ಸಿಂಹಾಸನ ಎತ್ತಬೇಕು, ಗಿಡಮರ ನಿಲ್ಲಿಸಬೇಕು. ಅಷ್ಟರವರೆಗೆ ಮುಂದೆ ಬೀದಿಯ ಪರದೆಯೊಂದನ್ನು ಇಳಿಬಿಟ್ಟು ಹಾಸ್ಯಗಾರನನ್ನು ಹೊರಗೆ ತಳ್ಳುವುದು! ಒಳಗಿನ ಸುತ್ತಿಗೆಯ ಸದ್ದು ಹೊರಗೆ ಕೇಳಿಸದಷ್ಟು ಜನರನ್ನು ಅವನು ನಗಿಸಬೇಕು. ಹುನಗುಂದ ತಾಲ್ಲೂಕಿನ ಕಂದಗಲ್ಲ ಹನುಮಂತರಾಯರಂಥವರ ಗಂಭೀರ ಪೌರಾಣಿಕ ನಾಟಕಗಳನ್ನು ಮೆಚ್ಚಿದ ಪ್ರೇಕ್ಷಕರೇ ಇಂಥ ನಗೆಯನ್ನೂ ಬೇಡುತ್ತಿದ್ದರು. ಇಳಕಲ್ಲಿನಲ್ಲೋ ಗುಳೇದಗುಡ್ಡದಲ್ಲೋ ಹಗಲೆಲ್ಲ ಮಗ್ಗದ ಮುಂದೆ ಕುಳಿತು ಬಂದ ನೇಕಾರನು ನಡುರಾತ್ರಿ ದಾಟಿದ ಮೇಲೂ ಎಚ್ಚರವಾಗಿರಬೇಕಾದರೆ ಬೇರೆ ಉಪಾಯವಾದರೂ ಏನು?

ಚಲಚ್ಚಿತ್ರಕ್ಕೆ ಪರದೆ ಬದಲಿಸುವ ಕಷ್ಟವಿಲ್ಲ. ಕತ್ತರಿ ಹಾಕಿದರೆ ಅರಮನೆ ಅರಣ್ಯವಾಗುತ್ತದೆ. ಆದರೂ ಕಂಪನಿಯಿಂದ ಬಂದ ನಮ್ಮ ಚಿತ್ರಗಳು ಆ ಹಾಸ್ಯದ ತುಣುಕನ್ನು ಹಾಗೆಯೇ ಹೊತ್ತು ತಂದವು. ಕಾರಣ ಹೋಯಿತು, ಪದ್ಧತಿ ಉಳಿಯಿತು. 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜಕುಮಾರರ ಜತೆಗೇ ತೆರೆಗೆ ಬಂದ ನರಸಿಂಹರಾಜು ಅವರು ಈ ಪದ್ಧತಿಯೊಳಗಿದ್ದೇ ಅದನ್ನು ಮೀರಿದವರು. ತಿಪಟೂರಿನಲ್ಲಿ 1923ರಲ್ಲಿ ಹುಟ್ಟಿ, ಬಾಲ್ಯದಿಂದ ರಂಗದ ಮೇಲೆ ಬೆಳೆದ ಅವರಿಗೆ ನಾಯಕನ ಮಾತು ಮುಗಿಯುವ ಕ್ಷಣ ಬೆನ್ನಿನಿಂದಲೇ ತಿಳಿಯುತ್ತಿತ್ತು. ಕಿವಿ ಕೇಳದ ಬಾಲಕೃಷ್ಣ ಅವರು ಎದುರಿನವರ ತುಟಿ ನೋಡಿ ಕಾಲ ಹಿಡಿಯುತ್ತಿದ್ದುದು ಇನ್ನೂ ದೊಡ್ಡ ಅಚ್ಚರಿ. ನರಸಿಂಹರಾಜು 1974ರಲ್ಲಿ 'ಪ್ರೊಫೆಸರ್ ಹುಚ್ಚುರಾಯ' ಚಿತ್ರವನ್ನು ತಾವೇ ನಿರ್ಮಿಸಿ ಮುಖ್ಯಪಾತ್ರ ವಹಿಸಿದರು. ಎರಡನೆಯ ಕುದುರೆಯಿಂದ ಇಳಿಯುವ ಆಸೆ ಅವರಿಗೂ ಇತ್ತು. 1979ರಲ್ಲಿ ತೀರಿಕೊಂಡರು.

ದ್ವಾರಕೀಶ್ ರಂಗಭೂಮಿಯ ಕೂಸಲ್ಲ. 1942ರಲ್ಲಿ ಹುಣಸೂರಿನಲ್ಲಿ ಹುಟ್ಟಿದ ದ್ವಾರಕಾನಾಥ್ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಮೈಸೂರಿನಲ್ಲಿ ಮೋಟಾರು ಬಿಡಿಭಾಗಗಳ ಅಂಗಡಿ ನಡೆಸಿದವರು. 1964ರ 'ವೀರಸಂಕಲ್ಪ'ದಲ್ಲಿ ಸೋದರಮಾವ ಹುಣಸೂರು ಕೃಷ್ಣಮೂರ್ತಿಯವರ ಕೈಹಿಡಿದು ಬಂದರು. (ಪಕ್ಕದ ಹಾಸ್ಯಗಾರರಿಗೂ ಸೋದರಮಾವಂದಿರಿಗೂ ಏನು ನಂಟೋ!) ಅವರ ನಟನೆಯಲ್ಲಿ ಕಂಪನಿಯ ನಟರ ತೂಕದ ಮಾತುಗಾರಿಕೆಯನ್ನು ಹುಡುಕಿದರೆ ನಿರಾಶೆಯಾದೀತು. ಇರುವುದು ಬೇರೆ: ಒಂದು ಚಡಪಡಿಕೆ. ನಿಂತಲ್ಲಿ ನಿಲ್ಲದ ಕಾಲು, ಏರುದನಿಯಲ್ಲಿ ಓಡುವ ಮಾತು, ಎಲ್ಲಕ್ಕೂ ಮೊದಲೇ ಹಿಗ್ಗುವ ಕಣ್ಣು. ಎತ್ತರದ ಜನರ ನಡುವೆ ತನ್ನನ್ನು ಯಾರೂ ಗಮನಿಸಲಾರರೆಂಬ ಅವಸರ ಅದರಲ್ಲಿದೆ. ಈ ಅವಸರವೇ ವ್ಯಾಪಾರದ ಬುದ್ಧಿಗೂ ಚಾಲನೆ ಕೊಟ್ಟಿತೆಂದು ನಾನು ಊಹಿಸುತ್ತೇನೆ. ಇಪ್ಪತ್ತೇಳರ ವಯಸ್ಸಿಗೆ, 1969ರಲ್ಲಿ, ರಾಜಕುಮಾರ್-ಭಾರತಿಯವರನ್ನು ಹಾಕಿಕೊಂಡು, ಸಿದ್ಧಲಿಂಗಯ್ಯನವರಿಗೆ ಮೊದಲ ನಿರ್ದೇಶನವನ್ನು ಒಪ್ಪಿಸಿ 'ಮೇಯರ್ ಮುತ್ತಣ್ಣ' ತೆಗೆದರು. ಬಂಡವಾಳ ಹೂಡಿದ ಧಣಿ ಚಿತ್ರದೊಳಗೆ ನಾಯಕನ ಹಿಂದೆ ಓಡಾಡುತ್ತಿದ್ದ ವಿನೋದ ಅಲ್ಲಿಂದ ಆರಂಭ.

ಮುಂದಿನ ಹೆಜ್ಜೆ ನನಗೆ ಬಹಳ ಕುತೂಹಲದ್ದು. 1969ರ 'ಮೆಕೆನ್ನಾಸ್ ಗೋಲ್ಡ್' ನಮ್ಮ ದೇಶದಲ್ಲಿ ಬಹು ಜನಪ್ರಿಯವಾಗಿತ್ತು. 1971ರಲ್ಲಿ ತೆಲುಗಿನ ಕೃಷ್ಣ 'ಮೋಸಗಾಳ್ಳಕು ಮೋಸಗಾಡು' ಚಿತ್ರದಲ್ಲಿ ಹ್ಯಾಟು ಧರಿಸಿ ಕುದುರೆ ಏರಿದ್ದರು. ಮರುವರ್ಷ ತಮಿಳಿನಲ್ಲಿ ಜೈಶಂಕರ್ 'ಗಂಗಾ'ದಲ್ಲಿ ಅದೇ ಹಾದಿ ಹಿಡಿದರು. ಕನ್ನಡದಲ್ಲಿ ಆ ಹ್ಯಾಟು ಯಾರ ತಲೆಗೆ ಬಂತು? ಗೂಢಚಾರರ ಚಿತ್ರಗಳ ಅಣಕವಾದ 1972ರ 'ಕುಳ್ಳ ಏಜೆಂಟ್ 000'ದಲ್ಲಿ ನಾಯಕನಾಗಿದ್ದ ದ್ವಾರಕೀಶರ ತಲೆಗೆ! 1973ರ 'ಕೌಬಾಯ್ ಕುಳ್ಳ'ದಲ್ಲಿ ಅವರ ಜತೆಗೆ ಜ್ಯೋತಿಲಕ್ಷ್ಮಿ ಇದ್ದರು. ಎರಡನೆಯ ಕುದುರೆಯವನು ಮೊದಲನೆಯದನ್ನು ಏರಿದ್ದು ಹೀಗೆ.

ಏರಿದ್ದರಿಂದ ಏನಾಯಿತು? ಅಣಕಕ್ಕೆ ಎದುರಿಗೊಂದು ಅಳತೆಗೋಲು ಬೇಕು. 'ಏಜೆಂಟ್ 000'ಕ್ಕೆ ಆ ಅಳತೆಗೋಲು ಸಿದ್ಧವಾಗಿತ್ತು: 'ಜೇಡರ ಬಲೆ', 'ಗೋವಾದಲ್ಲಿ ಸಿ.ಐ.ಡಿ. 999' ಚಿತ್ರಗಳಲ್ಲಿ ರಾಜಕುಮಾರರ ಗೂಢಚಾರನನ್ನು ಜನ 1968ರಲ್ಲೇ ಕಂಡಿದ್ದರು. ಆ ನೀಳ ನಿಲುವಿನ ನೆನಪಿನ ಪಕ್ಕದಲ್ಲಿ ಈ ಗಿಡ್ಡ ಆಕೃತಿ ಬಂದು ನಿಂತೊಡನೆ ನಗೆ ತಾನಾಗಿ ಹುಟ್ಟಿತು. ಕಿಶೋರ್ ಕುಮಾರ್ ಕನ್ನಡದಲ್ಲಿ ಹಾಡಿದ ಒಂದೇ ಹಾಡು ಈ ಚಿತ್ರದ್ದು, ದ್ವಾರಕೀಶರ ತುಟಿಗೆ ಬಂದದ್ದು. ಕೌಬಾಯ್‌ಗೆ ಕನ್ನಡದಲ್ಲಿ ಅಂಥ ಮೂಲಪುರುಷನಿರಲಿಲ್ಲ. ಅಣಕಿಸಬೇಕಾದವನೇ ಇಲ್ಲದೆ ಅಣಕ ಮಾಡಿದಂತಾಯಿತು. ಪಕ್ಕದಲ್ಲಿ ಉದ್ದನೆಯವನಿಲ್ಲದಿದ್ದರೆ ಕುಳ್ಳನು ಕುಳ್ಳನಲ್ಲ, ಬರಿಯ ಮನುಷ್ಯ. ಬರಿಯ ಮನುಷ್ಯನ ಕಥೆಯನ್ನು ಅವರಿಗಾಗಿ ಬರೆಯುವವರು ಆಗ ಇರಲಿಲ್ಲ.

ಈ ಸತ್ಯ ಅವರಿಗೆ ವಿಮರ್ಶಕರಿಗಿಂತ ಮೊದಲೇ ಹೊಳೆದಿರಬೇಕು. 1975ರ 'ಕಳ್ಳ ಕುಳ್ಳ'ದಲ್ಲಿ ವಿಷ್ಣುವರ್ಧನರ ಪಕ್ಕಕ್ಕೆ ಬಂದರು. (ಆ ತೆಲುಗು ಕೌಬಾಯ್ ಚಿತ್ರದ ನಿರ್ದೇಶಕ ಕೆ. ಎಸ್. ಆರ್. ದಾಸ್ ಅವರೇ ಇದನ್ನೂ ನಿರ್ದೇಶಿಸಿದವರು.) 'ಕಿಟ್ಟು ಪುಟ್ಟು', ವಿದೇಶದಲ್ಲಿ ಚಿತ್ರೀಕರಿಸಿದ ಮೊದಲ ಕನ್ನಡ ಚಿತ್ರವೆಂದು ಹೆಸರಾದ 'ಸಿಂಗಾಪುರದಲ್ಲಿ ರಾಜಾಕುಳ್ಳ', 'ಗುರು ಶಿಷ್ಯರು' ಬಂದವು. ಇವುಗಳಲ್ಲಿ ಕುದುರೆಗಳೆರಡೂ ಸರಿಸಮನಾಗಿ ಓಡುತ್ತವೆ. ನಟನೆಯ ದೃಷ್ಟಿಯಿಂದ ನನಗೆ ಮೆಚ್ಚುಗೆಯಾದುದು 'ಗುರು ಶಿಷ್ಯರು'. ಮಂಕುಶಿಷ್ಯರ ಗುಂಪಿನಲ್ಲಿ ತಾನೊಬ್ಬನಾಗಿ, ಉಳಿದವರಿಗೂ ನಗೆಯ ಪಾಲು ಬಿಟ್ಟುಕೊಟ್ಟು ಆಡಿದ ಆಟ ಅದು.

ಇಷ್ಟಾದರೂ ಒಂದು ಮುಳ್ಳು ಚುಚ್ಚುತ್ತಲೇ ಇರುತ್ತದೆ. ಕುಳ್ಳ ಏಜೆಂಟ್, ಕೌಬಾಯ್ ಕುಳ್ಳ, ಕಳ್ಳ ಕುಳ್ಳ, ರಾಜಾಕುಳ್ಳ, ಕುಳ್ಳ ಕುಳ್ಳಿ, ಪ್ರಚಂಡ ಕುಳ್ಳ. ಒಬ್ಬ ಮನುಷ್ಯನ ದೇಹದ ಅಳತೆ ಇಷ್ಟು ಸಲ ಫಲಕದ ಮೇಲೆ ಬಂದದ್ದು ಬೇರೆಲ್ಲಿಯಾದರೂ ಉಂಟೆ? ಆ ಹೆಸರನ್ನು ತಾನೇ ಹಾಕಿಕೊಂಡು ಅದರಿಂದ ಗಳಿಸಿದ್ದು ಅವರ ಗೆಲುವಲ್ಲವೇ ಎಂದು ಹುನಗುಂದದ ಸ್ನೇಹಿತರೊಬ್ಬರು ವಾದಿಸುತ್ತಾರೆ. ಅರ್ಧ ಒಪ್ಪುತ್ತೇನೆ. ಅನ್ಯರು ಎಸೆದ ಕಲ್ಲನ್ನು ಎತ್ತಿ ಅಡಿಗಲ್ಲಾಗಿಸಿಕೊಳ್ಳುವುದು ಸಣ್ಣ ಮಾತಲ್ಲ. ಆದರೆ ಅದೇ ಹೆಸರಿನಿಂದ ಶಾಲೆಯ ಅಂಗಳದಲ್ಲಿ ಕರೆಸಿಕೊಂಡ ಗಿಡ್ಡ ಹುಡುಗನಿಗೆ ಆ ಗಳಿಕೆಯಲ್ಲಿ ಪಾಲಿಲ್ಲ. ನಮ್ಮ ಸೀಮೆಯವರಿಗೆ ಇದು ಬೇಗ ಅರ್ಥವಾಗಬೇಕು. 'ಯಾಕ್ರೀ, ಏನ್ರೀ' ಎಂಬ ನಮ್ಮ ಮನೆಮಾತನ್ನು ಎಷ್ಟೋ ಚಿತ್ರಗಳು ಆಳಿನ ಬಾಯಲ್ಲಿ, ಪೆದ್ದನ ಬಾಯಲ್ಲಿ ಇಟ್ಟು ನಗಿಸಿವೆ. ಸಾರಥಿಯ ಬಾಯಲ್ಲಿ ರಾಜನನ್ನು ಪ್ರಶ್ನಿಸುತ್ತಿದ್ದ ಮಾತೇ ಅಲ್ಲಿ ನಗೆಪಾಟಲಿನ ವಸ್ತು. ದೇಹವಾಗಲಿ ಭಾಷೆಯಾಗಲಿ, ಇದ್ದ ಮಾತ್ರಕ್ಕೆ ನಗಬೇಕೆಂದು ಪ್ರೇಕ್ಷಕನಿಗೆ ಅಪ್ಪಣೆ ಕೊಡುವ ಹಾಸ್ಯ ಸೋಮಾರಿ ಹಾಸ್ಯ. ದ್ವಾರಕೀಶ್ ಸೋಮಾರಿಯಾಗಿದ್ದ ಚಿತ್ರಗಳೂ ಇವೆ, ಅವನ್ನು ಹೊಗಳುವ ಅಗತ್ಯವಿಲ್ಲ.

1985ರಲ್ಲಿ ಅವರು ನಿರ್ದೇಶಕರಾದಾಗ ಆರಿಸಿದ್ದು 'ನೀ ಬರೆದ ಕಾದಂಬರಿ'ಯ ಕಣ್ಣೀರಿನ ಕಥೆ. ಮುಂದೆ 1990ರ 'ಶ್ರುತಿ'ಯಲ್ಲಿ ಹೊಸ ಹುಡುಗಿಯೊಬ್ಬಳನ್ನು ನಾಯಕಿಯನ್ನಾಗಿಸಿದರು. ಚಿತ್ರದ ಹೆಸರೇ ಆಕೆಯ ಹೆಸರಾಯಿತು. ನಗಿಸಿ ಹೆಸರಾದವರು ಕ್ಯಾಮರಾದ ಹಿಂದೆ ಹೋದೊಡನೆ ಅಳಿಸಲು ಹೊರಟದ್ದು ವಿಚಿತ್ರವಾದರೂ ಅಪೂರ್ವವಲ್ಲ. ನಡುವೆ ಆಫ್ರಿಕಾದವರೆಗೆ ಹೋಗಿ ಚಿತ್ರ ತೆಗೆದರು, ಸೋತರು, ಮತ್ತೆ ತೆಗೆದರು. ಸೋಲಿನ ಸಾಲಿನ ಬಳಿಕ 2004ರಲ್ಲಿ 'ಆಪ್ತಮಿತ್ರ' ಬಂತು. ಆ ಏಪ್ರಿಲಿನಲ್ಲಿ ತೀರಿಕೊಂಡಿದ್ದ ಸೌಂದರ್ಯ ಅವರ ನಾಗವಲ್ಲಿಯನ್ನು ನೋಡಲು ಜನ ಮುಗಿಬಿದ್ದರು. ಹಣ ಮತ್ತೊಮ್ಮೆ ಧಣಿಯದೇ. ಅರವತ್ತೆರಡರ ಆ ಧಣಿ ಆ ಚಿತ್ರದಲ್ಲೂ ದೆವ್ವಕ್ಕೆ ಹೆದರಿ, ವಿಷ್ಣುವರ್ಧನರ ಎತ್ತರದ ಮಗ್ಗುಲಲ್ಲಿ ಕಣ್ಣು ಹಿಗ್ಗಿಸಿಕೊಂಡು ನಿಂತಿದ್ದರು.

ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಪುಷ್ಯದ ಹುಣ್ಣಿಮೆಯಿಂದ ವಾರಗಟ್ಟಲೆ ನಾಟಕ ಕಂಪನಿಗಳ ಡೇರೆಗಳು ಇಂದಿಗೂ ಬೀಡುಬಿಡುತ್ತವೆ. ಅಲ್ಲಿ ಟಿಕೆಟ್ಟಿಗೆ ನಿಂತವರು ನಾಯಕ ಯಾರೆಂದು ವಿಚಾರಿಸುವುದನ್ನು ನಾನು ಕೇಳಿಲ್ಲ. 'ಕಾಮಿಡಿ ಯಾರದೈತ್ರೀ?' ಎಂದು ಕೇಳಿ, ಹೆಸರು ತಿಳಿದ ಮೇಲೆಯೇ ಕಿಸೆಗೆ ಕೈಹಾಕುತ್ತಾರೆ.