ಹವಾಯಿ ಫೈವ್-ಓ ಧಾರಾವಾಹಿಯಲ್ಲಿ ದೇಶೌಚಿತ್ಯ

ಔಚಿತ್ಯವೇ ಕಾವ್ಯದ ಜೀವಿತವೆಂದು ಪ್ರತಿಪಾದಿಸಿದ ಕ್ಷೇಮೇಂದ್ರನು ತನ್ನ ಔಚಿತ್ಯವಿಚಾರಚರ್ಚೆಯಲ್ಲಿ ಅದು ನೆಲಸಬೇಕಾದ ಸ್ಥಾನಗಳನ್ನು ಪದ, ವಾಕ್ಯ, ಪ್ರಬಂಧಾರ್ಥ ಮೊದಲಾಗಿ ಎಣಿಸುತ್ತ, ಅವುಗಳೊಳಗೆ ದೇಶ, ಕಾಲ, ಕುಲ, ನಾಮಗಳನ್ನೂ ಸೇರಿಸಿರುವನು. 11ನೆಯ ಶತಮಾನದ ಕಾಶ್ಮೀರದಲ್ಲಿ ಸಿದ್ಧವಾದ ಈ ಒರೆಗಲ್ಲು ದೂರದರ್ಶನದ ದೃಶ್ಯಪ್ರಬಂಧಗಳಿಗೂ ಸಲ್ಲುವುದೇ ಎಂಬ ಸಂದೇಹವುಂಟಾದರೆ, ಅದನ್ನು ಪರೀಕ್ಷಿಸುವುದಕ್ಕೆ ‘ಹವಾಯಿ ಫೈವ್-ಓ’ ಎಂಬ ಪತ್ತೇದಾರಿ ಧಾರಾವಾಹಿಯು ತಕ್ಕ ಲಕ್ಷ್ಯವಾಗಿದೆ. ದೇಶದ ಹೆಸರನ್ನೇ ತನ್ನ ಹೆಸರಾಗಿಸಿಕೊಂಡ ಪ್ರಬಂಧವು ಆ ದೇಶಕ್ಕೆ ಎಷ್ಟರಮಟ್ಟಿಗೆ ನ್ಯಾಯವನ್ನು ಸಲ್ಲಿಸಿದೆಯೆಂಬುದೇ ಇಲ್ಲಿನ ವಿಚಾರ.

ಈ ಧಾರಾವಾಹಿಯು ಅಮೆರಿಕದ ಸಿ.ಬಿ.ಎಸ್. ಸಂಸ್ಥೆಯ ಮೂಲಕ 1968ರ ಸೆಪ್ಟೆಂಬರಿನಿಂದ 1980ರ ಏಪ್ರಿಲಿನವರೆಗೆ 12 ಆವೃತ್ತಿಗಳಾಗಿ, ಸುಮಾರು 280 ಕಥೆಗಳಾಗಿ ಪ್ರಸಾರವಾಯಿತು. ಇದನ್ನು ಕಲ್ಪಿಸಿದವನು ಲಿಯೊನಾರ್ಡ್ ಫ್ರೀಮನ್. ಆತನು 1974ರಲ್ಲಿ ಗತಿಸಿದ ಮೇಲೆಯೂ ಪ್ರಬಂಧವು ನಿಲ್ಲಲಿಲ್ಲ. ಹವಾಯಿಯು 1959ರಲ್ಲಿ ಅಮೆರಿಕದ ಒಕ್ಕೂಟದ 50ನೆಯ ರಾಜ್ಯವಾಯಿತಷ್ಟೆ. ಆ ಸಂಖ್ಯೆಯೇ ಶೀರ್ಷಿಕೆಯಲ್ಲಿ ‘ಫೈವ್-ಓ’ ಆಗಿರುವುದು. ರಾಜ್ಯಪಾಲನಿಗೆ ಮಾತ್ರ ಉತ್ತರವಾದಿಯಾದ ಒಂದು ವಿಶೇಷ ಆರಕ್ಷಕ ದಳವೂ, ಅದರ ಮುಖ್ಯಸ್ಥನಾದ ಸ್ಟೀವ್ ಮೆಕ್‌ಗ್ಯಾರೆಟ್ಟನೂ ಕವಿಕಲ್ಪಿತ. ನಾಯಕನ ಪಾತ್ರವನ್ನು ಆದ್ಯಂತವಾಗಿ ಜ್ಯಾಕ್ ಲಾರ್ಡ್ ಎಂಬ ನಟನು ನಿರ್ವಹಿಸಿದನು.

ಮೊದಲು ಗುಣಗಳನ್ನು ಹೇಳುವುದು ನ್ಯಾಯ. ಪ್ರಬಂಧದ ಅಂಗಿರಸವು ವೀರ. ನಾಯಕನಲ್ಲಿ ಧೀರೋದಾತ್ತನ ಸ್ಥೈರ್ಯ, ದೃಢವ್ರತತೆಗಳು ಸ್ಪಷ್ಟವಾಗಿವೆ. ವೋ ಫ್ಯಾಟ್ ಎಂಬ ಪ್ರತಿನಾಯಕನು ಮೊದಲ ಕಥೆಯಲ್ಲಿಯೇ ಕಾಣಿಸಿಕೊಂಡು, 1980ರ ಕೊನೆಯ ಕಥೆಯಲ್ಲಿ ಸೆರೆಸಿಕ್ಕುವನು. ಬಿಡಿಬಿಡಿಯಾದ ಕಥೆಗಳ ರಾಶಿಗೆ ಹೀಗೆ ಬೀಜದಿಂದ ನಿರ್ವಹಣದವರೆಗೆ ಒಂದು ಸೂತ್ರವು ದೊರೆತಿದೆ. ಮಾರ್ಟನ್ ಸ್ಟೀವನ್ಸ್ ರಚಿಸಿದ ನಾಂದಿಯಂತಹ ವಾದ್ಯಸಂಗೀತ, ಎದ್ದು ಬರುವ ಮಹಾತರಂಗ, ಎತ್ತರದ ಸೌಧದ ಮೊಗಸಾಲೆಯಲ್ಲಿ ನಿಂತ ನಾಯಕನೆಡೆಗೆ ಹಠಾತ್ತನೆ ಧಾವಿಸುವ ದೃಷ್ಟಿ, ಇವೆಲ್ಲವೂ ಒಂದೇ ನಿಮಿಷದಲ್ಲಿ ಪ್ರೇಕ್ಷಕನ ಉತ್ಸಾಹವನ್ನು ಜಾಗೃತಗೊಳಿಸುವುವು. ಉಷ್ಣದೇಶದಲ್ಲಿದ್ದೂ ನಾಯಕನು ಗಾಢವರ್ಣದ ಸೂಟನ್ನು ಬಿಡದಿರುವುದು ಮೇಲುನೋಟಕ್ಕೆ ವೇಷದ ಅನೌಚಿತ್ಯವಾಗಿ ಕಂಡೀತು. ವಿಹಾರಕ್ಕೆ ಬಂದವರ ನಡುವೆ ವಿಹಾರವಿಲ್ಲದವನು ಇವನೊಬ್ಬನೆಂಬುದನ್ನು ಆ ವೇಷವು ಸೂಚಿಸುವುದರಿಂದ ಅದು ಗುಣವೇ ಸರಿ.

ದೇಶದ ವಿಷಯಕ್ಕೆ ಬಂದರೆ, ಸಮುದ್ರ, ಪರ್ವತ, ಉದ್ಯಾನ, ಸೂರ್ಯಾಸ್ತಗಳನ್ನು ಇಲ್ಲಿ ಧಾರಾಳವಾಗಿ ತೋರಿಸಲಾಗಿದೆ. ದಂಡಿಯೇ ಮೊದಲಾದವರು ಮಹಾಕಾವ್ಯಕ್ಕೆ ವಿಧಿಸಿದ ವರ್ಣನೆಗಳಲ್ಲಿ ಬಹುಪಾಲು ಇಲ್ಲಿ ಬಂದುಹೋಗುವುವೆನ್ನಬಹುದು. ಆದರೆ ಅವೆಲ್ಲವೂ ಉದ್ದೀಪನವಿಭಾವದ ಕಕ್ಷೆಯಲ್ಲಿಯೇ ಉಳಿಯುವುವು. ಅಪರಾಧವು ಎಷ್ಟು ಘೋರವೋ ಅಷ್ಟು ರಮ್ಯವಾದ ಕಡಲತೀರದಲ್ಲಿ ಅದು ನಡೆಯುವುದು. ಆ ವೈಷಮ್ಯದಿಂದ ಅದ್ಭುತವು ಹೆಚ್ಚುವುದು. ದ್ವೀಪದ ಭೂಮಿ, ದೇವತೆ, ನಂಬಿಕೆಗಳು ಬಿಡಿಕಥೆಗಳಲ್ಲಿ ಬಾರದೆ ಇಲ್ಲ. ಬಂದರೂ ಅವು ಸಂಚಾರಿಗಳಂತೆ ತೋರಿ ಅಡಗುವುವು. ಇಷ್ಟರಿಂದಲೇ ದೋಷವನ್ನು ಆರೋಪಿಸುವುದು ಸಲ್ಲದು. ದೇಶವನ್ನು ಉದ್ದೀಪನವಾಗಿ ಮಾತ್ರ ಬಳಸುವ ಸ್ವಾತಂತ್ರ್ಯವು ಕವಿಗೆ ಇದ್ದೇ ಇದೆ.

ಆಕ್ಷೇಪಕ್ಕೆ ಎಡೆಯಾಗುವುದು ಒಂದು ಕಟ್ಟಡದಿಂದ. ಮೆಕ್‌ಗ್ಯಾರೆಟ್ಟನ ದಳಕ್ಕೆ ಕಾರ್ಯಾಲಯವಾಗಿ ಕಲ್ಪಿತವಾಗಿರುವುದು ಹೊನೊಲುಲು ನಗರದ ಇಯೊಲಾನಿ ಅರಮನೆ. ಇದು ಕಲಾಕೌವ ಎಂಬ ಹವಾಯಿ ರಾಜನು ಕಟ್ಟಿಸಿ 1882ರಲ್ಲಿ ಪೂರೈಸಿದ ಮಂದಿರ. ಅವನ ತರುವಾಯ ಪಟ್ಟಕ್ಕೆ ಬಂದ ಸೋದರಿ ಲಿಲಿಯುವೊಕಲಾನಿ ರಾಣಿಯನ್ನು 1893ರ ಜನವರಿ 17ರಂದು, ಅಮೆರಿಕದ ನೌಕಾಸೈನಿಕರು ದಡಕ್ಕಿಳಿದಿದ್ದ ಸನ್ನಿವೇಶದಲ್ಲಿ, ಪರಮೂಲದ ವರ್ತಕರೂ ಭೂಮಾಲಿಕರೂ ಕೂಡಿ ಪದಚ್ಯುತಳನ್ನಾಗಿ ಮಾಡಿದರು. 1895ರಲ್ಲಿ ಆಕೆಯ ಪಕ್ಷದವರ ಪ್ರತಿಭಟನೆಯು ವಿಫಲವಾದ ಬಳಿಕ, ಅದೇ ಅರಮನೆಯ ಸಿಂಹಾಸನಶಾಲೆಯಲ್ಲಿ ಸೈನಿಕ ನ್ಯಾಯಮಂಡಲಿಯು ಆಕೆಯನ್ನು ವಿಚಾರಣೆಗೆ ಗುರಿಪಡಿಸಿತು. ಮೇಲಂತಸ್ತಿನ ಕೊಠಡಿಯೊಂದರಲ್ಲಿ ಆಕೆಯನ್ನು ಸುಮಾರು 8 ತಿಂಗಳ ಕಾಲ ಸೆರೆಯಿಟ್ಟರು. 1898ರಲ್ಲಿ ದ್ವೀಪಗಳು ಅಮೆರಿಕಕ್ಕೆ ಸೇರಿಹೋದುವು. ಆ ಪದಚ್ಯುತಿಗೆ ನೂರು ವರ್ಷಗಳಾದಾಗ, 1993ರಲ್ಲಿ, ಅಮೆರಿಕದ ಶಾಸನಸಭೆಯೇ ನಿರ್ಣಯಪೂರ್ವಕವಾಗಿ ಕ್ಷಮೆಯನ್ನು ಕೋರಿತು.

ಪತ್ತೇದಾರಿ ಪ್ರಬಂಧದ ಧರ್ಮವನ್ನು ಇಲ್ಲಿ ನೆನೆಯಬೇಕು. ಮರೆಯಾದ ಅಪಹಾರವನ್ನು ಬಯಲಿಗೆ ತರುವುದು, ಕಳೆದುಕೊಂಡವನಿಗೆ ನ್ಯಾಯವನ್ನು ದೊರಕಿಸುವುದು, ಇದೇ ಅದರ ಪ್ರತಿಜ್ಞೆ. ಅಂತಹ ಪ್ರತಿಜ್ಞೆಯನ್ನು ತೊಟ್ಟ ನಾಯಕನು, ಒಂದು ರಾಜ್ಯವೇ ಅಪಹೃತವಾದ ಮನೆಯಲ್ಲಿ ಕುಳಿತು, ಆಭರಣದ ಕಳವನ್ನೂ ಗೂಢಚಾರರ ತಂತ್ರವನ್ನೂ ಶೋಧಿಸುವನು. ತಾನು ಕುಳಿತ ಮನೆಯ ಕಥೆಯಾದರೋ ಧಾರಾವಾಹಿಯ ಸ್ಥಾಯಿಯನ್ನು ಮುಟ್ಟುವುದೇ ಇಲ್ಲ.

ನಾಮೌಚಿತ್ಯವನ್ನು ಪರಿಶೀಲಿಸಿದರೆ ಈ ವಿಚಾರವು ಮತ್ತಷ್ಟು ಬಲಗೊಳ್ಳುವುದು. ದಳದಲ್ಲಿ ಹವಾಯಿ ಮೂಲದ ಅಧಿಕಾರಿಯೊಬ್ಬನಿರುವನು. ಜುಲು ಎಂಬ ಹೆಸರಿನಿಂದ ಪ್ರಸಿದ್ಧನಾದ ಸ್ಥಳೀಯ ನಟನು 1972ರವರೆಗೆ ಆ ಪಾತ್ರವನ್ನು ವಹಿಸಿದನು. ಪಾತ್ರದ ಹೆಸರು ಕೋನೊ ಕಲಾಕೌವ. ಅರಮನೆಯನ್ನು ಕಟ್ಟಿಸಿದ ದೊರೆಯ ಹೆಸರನ್ನೇ ಹೊತ್ತವನು ಆ ಅರಮನೆಯಲ್ಲಿ ಪರಮೂಲದ ಮುಖ್ಯಸ್ಥನೊಬ್ಬನ ಆಜ್ಞಾಧಾರಕನಾಗಿ ಓಡಾಡುವನು. ಸಮರ್ಥನಾದ ಕವಿಯ ಕೈಯಲ್ಲಿ ಈ ಒಂದು ಹೆಸರಿನಿಂದಲೇ ಕರುಣವು ಚಿಮ್ಮಬಹುದಾಗಿತ್ತು. ಇಲ್ಲಿ ಅದು ದೇಶದ ವಾಸನೆಯನ್ನು ಬೀರುವುದಕ್ಕಷ್ಟೇ ಉಪಯುಕ್ತವಾಗಿದೆ.

ಇಲ್ಲಿ ಪೂರ್ವಪಕ್ಷಗಳು ಮೂರು. ವಿನೋದಾರ್ಥವಾದ ಪ್ರಬಂಧದಲ್ಲಿ ಇತಿಹಾಸವನ್ನು ಹುಡುಕುವುದು ವ್ಯರ್ಥವೆಂಬುದು ಮೊದಲನೆಯದು. ಇತಿಹಾಸವನ್ನು ಪ್ರಬಂಧದೊಳಕ್ಕೆ ತಂದವರು ವಿಮರ್ಶಕರಲ್ಲ. ಯಾವುದೋ ಕಲ್ಪಿತ ಕಟ್ಟಡವನ್ನು ತೋರಿಸಿದ್ದರೆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಹೆಸರುಳ್ಳ ಅರಮನೆಯ ಗಾಂಭೀರ್ಯವನ್ನು ಎರವಲಾಗಿ ಪಡೆದವನಿಗೆ ಅದರ ಋಣವೂ ತಗಲುವುದು.

ಆ ಕಟ್ಟಡವು ವಸ್ತುತಃ ಸರಕಾರದ ಕಾರ್ಯಾಲಯವಾಗಿಯೇ ಇದ್ದುದರಿಂದ ಕವಿಯು ಲೋಕಸ್ಥಿತಿಯನ್ನು ಅನುಸರಿಸಿದನೆಂಬುದು ಎರಡನೆಯದು. ಇದರಲ್ಲಿ ಸತ್ಯಾಂಶವುಂಟು. 1968ರಲ್ಲಿ ಅರಮನೆಯೇ ರಾಜ್ಯದ ಆಡಳಿತಭವನವಾಗಿತ್ತು. ಸಿಂಹಾಸನಶಾಲೆಯಲ್ಲಿ ಪ್ರತಿನಿಧಿಸಭೆಯು ನಡೆಯುತ್ತಿತ್ತು. ಆದರೆ 1969ರಲ್ಲಿ ಸರಕಾರವು ಹೊಸ ಭವನಕ್ಕೆ ಹೋಯಿತು. ಧಾರಾವಾಹಿಯ ದಳವು ಮಾತ್ರ ಆ ಮೇಲೆಯೂ ಅರಮನೆಯನ್ನು ಬಿಡಲಿಲ್ಲ. ಆದುದರಿಂದ ಮೊದಲ ವರ್ಷಕ್ಕೆ ಸಲ್ಲುವ ಈ ಸಮಾಧಾನವು ಉಳಿದ ವರ್ಷಗಳಿಗೆ ಸಲ್ಲದು.

ಮೂರನೆಯದು ಹೆಚ್ಚು ಗೌರವಾರ್ಹವಾದುದು. ಧಾರಾವಾಹಿಯು 12 ವರ್ಷ ದ್ವೀಪದಲ್ಲಿಯೇ ಚಿತ್ರಿತವಾಗಿ, ಅಲ್ಲಿನ ನಟರಿಗೆ ಗೌರವದ ಪಾತ್ರಗಳನ್ನು ಕೊಟ್ಟಿತೆಂದು ಅಭಿಮಾನಿಗಳು ಹೇಳುವರು. ಇದು ನಿಜ. ಚಿನ್ ಹೋ ಕೆಲಿಯ ಪಾತ್ರವನ್ನು ವಹಿಸಿದ ಕಾಮ್ ಫಾಂಗ್ ಎಂಬಾತನು ಹಿಂದೆ ಹೊನೊಲುಲು ನಗರದ ಆರಕ್ಷಕನಾಗಿಯೇ ಕೆಲಸಮಾಡಿದ್ದವನು. ಅವನ ಸಂಯಮದ ಅಭಿನಯದಲ್ಲಿ ಅನುಭವದ ಮುದ್ರೆಯು ಕಾಣುವುದು. 1978ರಲ್ಲಿ ಆ ಪಾತ್ರದ ಮರಣವನ್ನು ತೋರಿಸುವ ಕಥೆಯಲ್ಲಿ ಕರುಣವು ಅಕೃತ್ರಿಮವಾಗಿದೆ. ಪಾತ್ರೌಚಿತ್ಯದ ಈ ಗುಣವನ್ನು ಒಪ್ಪಿಕೊಂಡರೂ ದೇಶೌಚಿತ್ಯದ ನ್ಯೂನತೆಯು ಅದರಿಂದ ತುಂಬದು.

ಇನ್ನು, ಕವಿಯು ವಿವಕ್ಷಿಸದ ಅರ್ಥವನ್ನು ಧ್ವನಿಯೆಂದು ಕರೆಯಬಹುದೇ ಎಂಬ ಶಾಸ್ತ್ರೀಯ ಶಂಕೆಯು ಉಳಿಯುವುದು. ಮಮ್ಮಟನು ಆರ್ಥೀವ್ಯಂಜನೆಗೆ ಕಾರಣಗಳನ್ನು ಹೇಳುವಾಗ ವಕ್ತೃ, ಬೋದ್ಧವ್ಯರ ವೈಶಿಷ್ಟ್ಯದೊಡನೆ ದೇಶದ ವೈಶಿಷ್ಟ್ಯವನ್ನೂ ಎಣಿಸಿರುವನು. ವಕ್ತೃವು ಸುಮ್ಮನಿದ್ದರೂ ಸ್ಥಳವು ಸೂಚಿಸಬಲ್ಲುದು. ಅಮೆರಿಕದ ನಡುನಾಡಿನ ಪ್ರೇಕ್ಷಕನಿಗೆ ಆ ಅರಮನೆಯು ಅಧಿಕಾರದ ಚಿಹ್ನೆ. ದ್ವೀಪದ ಮೂಲನಿವಾಸಿಗೆ ಸೆರೆಯ ಚಿಹ್ನೆ. ಹೀಗೆ ಸೂಚಿತವಾದ ಅರ್ಥವು ಪ್ರಬಂಧದ ರಸವನ್ನು ಪೋಷಿಸಿದರೆ ಧ್ವನಿ. ರಸಕ್ಕೆ ಅಡ್ಡಬಂದರೆ ದೋಷ. ಇಲ್ಲಿ ನಾಯಕನ ನ್ಯಾಯನಿಷ್ಠೆಯ ಮೇಲೆ ಪ್ರೇಕ್ಷಕನಿಗಿರಬೇಕಾದ ನಿಃಶಂಕತೆಯನ್ನೇ ಅದು ಕದಡುವುದರಿಂದ, ದೋಷವೆಂದೇ ನಿರ್ಣಯಿಸಬೇಕಾಗುವುದು. ಕಥಾಸಂವಿಧಾನ, ಅಭಿನಯ, ಸಂಗೀತಗಳಲ್ಲಿ ಧಾರಾವಾಹಿಗೆ ದೊರೆತಿರುವ ಮೇಲ್ಮೆಯು ಈ ನಿರ್ಣಯದಿಂದ ಕುಂದುವುದಿಲ್ಲ. ಆದರೆ ಮೇಲ್ಮೆಯುಳ್ಳ ಪ್ರಬಂಧದಲ್ಲಿಯೇ ದೋಷವನ್ನು ತೋರಿಸುವುದು ಸಾರ್ಥಕ.

ಅರಮನೆಯು ಜೀರ್ಣೋದ್ಧಾರಗೊಂಡು 1978ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಧಾರಾವಾಹಿಯು ಇನ್ನೂ ನಡೆಯುತ್ತಿದ್ದ ಆ ವರ್ಷಗಳಲ್ಲಿ ದೂರದರ್ಶನದ ಮುಂದೆ ಕುಳಿತವನಿಗೆ ಆ ಕಟ್ಟಡವು ಮೆಕ್‌ಗ್ಯಾರೆಟ್ಟನ ಕಾರ್ಯಾಲಯವಾಗಿತ್ತು. ಅದರ ಮೆಟ್ಟಿಲನ್ನೇರಿ ಹೋದವನಿಗೆ ಅಪಹೃತವಾದ ಒಂದು ರಾಜ್ಯದ ಮಂದಿರವಾಗಿತ್ತು. ರಾಣಿಯು ತನ್ನ ಸೆರೆವಾಸದಲ್ಲಿ ಹೊಲಿಯತೊಡಗಿದ ಕೌದಿಯು ಇಂದಿಗೂ ಆ ಅರಮನೆಯಲ್ಲಿಯೇ ಇದೆ.