ಹಸಿರು ಕೋಟಿನ ಒಳಮಗ್ಗುಲು

2021ರ ಏಪ್ರಿಲ್ 12, ಸೋಮವಾರ. ಯುಗಾದಿಗೆ ಒಂದೇ ದಿನ ಬಾಕಿ. ನಮ್ಮಲ್ಲಿ ಕೋಳಿ ಕೂಗುವ ಹೊತ್ತು. ಅಮೆರಿಕದ ಜಾರ್ಜಿಯಾ ರಾಜ್ಯದ ಅಗಸ್ಟಾದಲ್ಲಿ ಇನ್ನೂ ಭಾನುವಾರದ ಇಳಿಬಿಸಿಲು. ಹಿಡೆಕಿ ಮತ್ಸುಯಾಮ ಕೊನೆಯ ಪಟ್ ಹಾಕಿ, ಮಾಸ್ಟರ್ಸ್ ಗಾಲ್ಫ್ ಟೂರ್ನಿ ಗೆದ್ದ ಮೊದಲ ಜಪಾನಿ ಎನಿಸಿಕೊಂಡರು. ಅಭಿನಂದಿಸುವವರ ನಡುವೆ ಅವರು ಮರೆಯಾದ ಮೇಲೂ ಕ್ಯಾಮೆರಾ ಹದಿನೆಂಟನೇ ಗ್ರೀನ್ ಮೇಲೆಯೇ ನಿಂತಿತ್ತು. ಅವರ ಚೀಲ ಹೊರುವ ಕ್ಯಾಡಿ ಶೋತಾ ಹಯಫುಜಿ ಬಾವುಟದ ಕೋಲನ್ನು ಮತ್ತೆ ಕುಳಿಯಲ್ಲಿ ನೆಟ್ಟು, ಟೋಪಿ ತೆಗೆದು, ಬರಿದಾದ ಹುಲ್ಲುಹಾಸಿನತ್ತ ತಿರುಗಿ ತಲೆಬಾಗಿದರು. ರಂಗಸ್ಥಳಕ್ಕೆ ಕೈಮುಗಿಯುವ ಯಕ್ಷಗಾನದ ವೇಷಧಾರಿಗಳನ್ನು, ಗರಡಿಯ ಮಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಪೈಲ್ವಾನರನ್ನು ಕಂಡ ನಮಗೆ ಆ ನಮಸ್ಕಾರ ಯಾರಿಗೆ ಸಂದಿತು ಎಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಅದೇ ಟೂರ್ನಿ ಗುರುವಾರ ಬೆಳಿಗ್ಗೆ ಶುರುವಾದಾಗ ಕಂಡ ಇನ್ನೊಂದು ದೃಶ್ಯವೂ ಕಣ್ಣಲ್ಲಿ ಉಳಿದಿದೆ. ಮೊದಲ ಟೀ ಪಕ್ಕದ ಕುರ್ಚಿಯಲ್ಲಿ, ಮಾಸ್ಟರ್ಸ್ ಆಡಿದ ಮೊದಲ ಕರಿಯ ಆಟಗಾರ, 86 ವರ್ಷದ ಲೀ ಎಲ್ಡರ್ ಕೂತಿದ್ದರು. ಮೂಗಿಗೆ ಆಮ್ಲಜನಕದ ನಳಿಕೆ. ಜಾಕ್ ನಿಕ್ಲಾಸ್, ಗ್ಯಾರಿ ಪ್ಲೇಯರ್ ಜೊತೆ ಅವರನ್ನೂ ಗೌರವ ಆರಂಭಕರಾಗಿ ಕರೆದಿದ್ದರು. ಚೆಂಡು ಹೊಡೆಯುವಷ್ಟು ಶಕ್ತಿ ಇರಲಿಲ್ಲ. ಎದ್ದು ನಿಂತು ಕ್ಲಬ್ ಎತ್ತಿ ತೋರಿಸಿದರು. ಜನ ಚಪ್ಪಾಳೆ ತಟ್ಟಿದರು. ಆ ವರ್ಷದ ನವೆಂಬರಿನಲ್ಲಿ ಅವರು ತೀರಿಕೊಂಡರು.

ಇವೆರಡರಲ್ಲಿ ಯಾವುದು ನಿಜವಾದ ಮಾಸ್ಟರ್ಸ್? ನನ್ನ ಮಟ್ಟಿಗೆ ಎರಡೂ. ಆದರೆ ಈ ಟೂರ್ನಿಯ ಚರಿತ್ರೆಯನ್ನು ಹೇಳುವವರು ಮೊದಲನೆಯದನ್ನು ಬಣ್ಣಿಸುವಷ್ಟು ಎರಡನೆಯದನ್ನು ವಿಚಾರಿಸುವುದಿಲ್ಲ. ಗೆದ್ದವರ ಪಟ್ಟಿಯನ್ನು ಹೆಮ್ಮೆಯಿಂದ ಓದುತ್ತಾರೆ, ಆಡಲು ಕರೆಸಿಕೊಂಡವರ ಪಟ್ಟಿಯನ್ನು ಓದುವುದೇ ಇಲ್ಲ.

ಮೊದಲು ಮೆಚ್ಚಬೇಕಾದ್ದನ್ನು ಮೆಚ್ಚಿಬಿಡುತ್ತೇನೆ. ಗಾಲ್ಫಿನ ಮೇಜರ್ ಎಂಬ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಮೂರು ಊರೂರು ಸುತ್ತುತ್ತವೆ. ಮಾಸ್ಟರ್ಸ್ ಮಾತ್ರ 1934ರಿಂದ ಒಂದೇ ನೆಲದಲ್ಲಿ ನಡೆಯುತ್ತ ಬಂದಿದೆ. 1930ರಲ್ಲಿ ಒಂದೇ ವರ್ಷ ನಾಲ್ಕು ದೊಡ್ಡ ಪ್ರಶಸ್ತಿಗಳನ್ನು ಗೆದ್ದು, 28ನೇ ವಯಸ್ಸಿಗೇ ಸ್ಪರ್ಧೆಯಿಂದ ನಿವೃತ್ತರಾದ ಬಾಬಿ ಜೋನ್ಸ್ ಮತ್ತು ಹಣಕಾಸು ಬಲ್ಲ ಕ್ಲಿಫರ್ಡ್ ರಾಬರ್ಟ್ಸ್ ಸೇರಿ ಕಟ್ಟಿದ ಕ್ಲಬ್ ಇದು. ಫ್ರೂಟ್‌ಲ್ಯಾಂಡ್ಸ್ ಎಂಬ ಹಳೆಯ ಸಸ್ಯಕ್ಷೇತ್ರದ ಜಾಗ. ಅಲ್ಲಿನ ಒಂದೊಂದು ಹೋಲಿಗೂ ಒಂದೊಂದು ಗಿಡದ ಹೆಸರು. ಜೋನ್ಸ್ ಜೊತೆ ಮೈದಾನದ ನಕ್ಷೆ ಮಾಡಿದ ಆಲಿಸ್ಟರ್ ಮೆಕೆಂಜಿ ಮೊದಲ ಟೂರ್ನಿ ನೋಡಲು ಬದುಕಿರಲಿಲ್ಲ. 1934ರ ಜನವರಿಯಲ್ಲಿ ತೀರಿಕೊಂಡರು. ಮಾರ್ಚಿನಲ್ಲಿ ನಡೆದ ಆ ಮೊದಲ ಪಂದ್ಯವನ್ನು ಹೋರ್ಟನ್ ಸ್ಮಿತ್ ಗೆದ್ದರು. ಮರುವರ್ಷ ಜೀನ್ ಸಾರಜನ್ ಹದಿನೈದನೇ ಹೋಲಿನಲ್ಲಿ ಸುಮಾರು 235 ಗಜದಿಂದ ಹೊಡೆದ ಚೆಂಡು ನೇರ ಕುಳಿಗೆ ಬಿತ್ತು. ಐದು ಹೊಡೆತದ ಹೋಲು ಎರಡೇ ಹೊಡೆತಕ್ಕೆ ಮುಗಿದು, ಕ್ರೇಗ್ ವುಡ್ ಜೊತೆ ಸಮವಾಗಿ, ಮಾರನೇ ದಿನ 36 ಹೋಲುಗಳ ಪ್ಲೇಆಫ್ ಆಡಿ ಸಾರಜನ್ ಗೆದ್ದರು. ಅಗಸ್ಟಾದ ಹೆಸರು ಅಮೆರಿಕದ ತುಂಬ ಹಬ್ಬಿದ್ದು ಆ ಒಂದು ಹೊಡೆತದಿಂದ.

ಒಂದೇ ನೆಲದ ಬೆಲೆ ಏನೆಂದು ತಿಳಿಯಲು ಹನ್ನೆರಡನೇ ಹೋಲನ್ನು ನೋಡಬೇಕು. ಬರೀ 155 ಗಜ. ವೃತ್ತಿಪರರಿಗೆ ಲೆಕ್ಕಕ್ಕೇ ಇಲ್ಲದ ದೂರ. ಆದರೆ ಗ್ರೀನ್ ಅಗಲವಾಗಿದ್ದರೂ ಆಳವಿಲ್ಲ, ಮುಂದೆ ರೇಸ್ ಕ್ರೀಕ್ ಎಂಬ ತೊರೆ, ಹಿಂದೆ ಮರಗಳ ಗೋಡೆ, ನಡುವೆ ಯಾವ ಕಡೆಯಿಂದ ಬೀಸುತ್ತದೆಂದು ಹೇಳಲಾಗದ ಗಾಳಿ. 1980ರಲ್ಲಿ ಟಾಮ್ ವೈಸ್ಕಾಫ್ ಇಲ್ಲಿ 13 ಹೊಡೆತ ತೆಗೆದುಕೊಂಡರು. 1992ರಲ್ಲಿ ಫ್ರೆಡ್ ಕಪಲ್ಸ್ ಹೊಡೆದ ಚೆಂಡು ತೊರೆಯ ದಡದ ಇಳಿಜಾರಿನಲ್ಲಿ ಬಿದ್ದು, ಉರುಳತೊಡಗಿ, ನೀರಿಗೆ ಸ್ವಲ್ಪ ಮೇಲೆ ಹುಲ್ಲಿಗೆ ಕಚ್ಚಿಕೊಂಡು ನಿಂತಿತು. ಅವರು ನಿಗದಿತ ಹೊಡೆತಗಳಲ್ಲೇ (ಪಾರ್) ಹೋಲು ಮುಗಿಸಿ ಟೂರ್ನಿಯನ್ನೂ ಗೆದ್ದರು. 2016ರಲ್ಲಿ ಕೊನೆಯ ಒಂಬತ್ತು ಹೋಲುಗಳಿಗೆ ಐದು ಹೊಡೆತದ ಮುನ್ನಡೆಯೊಡನೆ ಕಾಲಿಟ್ಟ ಜೋರ್ಡನ್ ಸ್ಪೀತ್ ಇಲ್ಲಿ ಎರಡು ಚೆಂಡು ನೀರಿಗೆ ಹಾಕಿ ಏಳು ಬರೆಸಿಕೊಂಡರು. ಗೆದ್ದವರು ತೊಡುವ ಹಸಿರು ಕೋಟು ಡ್ಯಾನಿ ವಿಲೆಟ್ ಪಾಲಾಯಿತು. 2019ರಲ್ಲಿ ಫ್ರಾಂಚೆಸ್ಕೊ ಮೊಲಿನಾರಿ ಚೆಂಡು ನೀರಿಗೆ ಬಿದ್ದದ್ದನ್ನು ಕಂಡ ಟೈಗರ್ ವುಡ್ಸ್ ಬಾವುಟದ ಆಸೆ ಬಿಟ್ಟು ಗ್ರೀನಿನ ನಡುವಿಗೆ ಹೊಡೆದರು. ಐದನೇ ಕೋಟು ಅವರಿಗೆ ಸಿಕ್ಕಿದ್ದರಲ್ಲಿ ಆ ಸಂಯಮದ ಪಾಲು ದೊಡ್ಡದು.

ಪ್ರತಿ ವರ್ಷ ಅದೇ ಪ್ರಸಂಗ, ಅದೇ ರಂಗಸ್ಥಳ, ಪಾತ್ರಧಾರಿಗಳು ಮಾತ್ರ ಬೇರೆ. ನೋಡುವವರಿಗೂ ಹಳೆಯದೆಲ್ಲ ನೆನಪಿರುತ್ತದೆ, ಆಡುವವರಿಗೂ ನೆನಪಿರುತ್ತದೆ. 2011ರಲ್ಲಿ ನಾಲ್ಕು ಹೊಡೆತ ಮುಂದಿದ್ದು ಕೊನೆಯ ದಿನ 80 ಹೊಡೆದು ಕುಸಿದ ರೋರಿ ಮೆಕಿಲ್‌ರಾಯ್, ಹದಿನಾಲ್ಕು ವರ್ಷಗಳ ಮೇಲೆ, 2025ರಲ್ಲಿ, ಪ್ಲೇಆಫ್ ಗೆದ್ದು ಅದೇ ಹುಲ್ಲಿನ ಮೇಲೆ ಮಂಡಿಯೂರಿ ಅತ್ತಾಗ, ಆ ಅಳುವಿಗೆ ಅರ್ಥ ಕೊಟ್ಟಿದ್ದು ನೆಲ ಒಂದೇ ಆಗಿದ್ದದ್ದು.

ಟೂರ್ನಿ ನಡೆಸುವ ರೀತಿಯಲ್ಲೂ ಮೆಚ್ಚುವಂಥದ್ದಿದೆ. ಮೈದಾನದಲ್ಲಿ ಜಾಹೀರಾತಿನ ಹಲಗೆಗಳಿಲ್ಲ, ಪ್ರೇಕ್ಷಕರ ಕೈಯಲ್ಲಿ ಮೊಬೈಲ್ ಇಲ್ಲ. ಹವ್ಯಾಸಿ ಆಟಗಾರರಿಗೆ ಜೋನ್ಸ್ ಕಾಲದಿಂದಲೂ ಜಾಗವಿದೆ. ಗೆದ್ದವರಿಗೆ ಹಸಿರು ಕೋಟು ತೊಡಿಸುವ ಪದ್ಧತಿ 1949ರಲ್ಲಿ ಸ್ಯಾಮ್ ಸ್ನೀಡ್‌ರಿಂದ ಶುರುವಾಯಿತು. ಹಳೆಯ ಚಾಂಪಿಯನ್ನರೆಲ್ಲ ಒಟ್ಟಿಗೆ ಕೂತು ಉಣ್ಣುವ ಕೂಟವನ್ನು 1952ರಲ್ಲಿ ಬೆನ್ ಹೋಗನ್ ಆರಂಭಿಸಿದರು. ಅಡುಗೆ ಹಿಂದಿನ ವರ್ಷ ಗೆದ್ದವರ ಆಯ್ಕೆ. ಲಾಟೋಕಾದಲ್ಲಿ ಹುಟ್ಟಿದ ಭಾರತೀಯ ಮೂಲದ ಫಿಜಿಯನ್ ವಿಜಯ್ ಸಿಂಗ್ 2000ದಲ್ಲಿ ಗೆದ್ದು, ಮರುವರ್ಷ ಥಾಯ್ ಅಡುಗೆ ಬಡಿಸಿದರು.

ಪ್ರಾಮಾಣಿಕತೆಯ ವಿಷಯದಲ್ಲಿ ಈ ಟೂರ್ನಿ ಎಷ್ಟು ಕಠೋರವಾಗಿ ನಡೆದುಕೊಂಡಿತು ಎನ್ನುವುದಕ್ಕೆ 1968ರ ಘಟನೆ ಇದೆ. ಅರ್ಜೆಂಟೀನಾದ ರಾಬರ್ಟೊ ಡಿ ವಿಸೆಂಜೊ ತಮ್ಮ 45ನೇ ಹುಟ್ಟುಹಬ್ಬದ ದಿನ 65 ಹೊಡೆದು ಬಾಬ್ ಗೋಲ್ಬಿಗೆ ಸಮನಾಗಿ ನಿಂತರು. ಗಾಲ್ಫಿನಲ್ಲಿ ಆಟಗಾರನ ಸ್ಕೋರನ್ನು ಜೊತೆಗಾರ ಬರೆಯುತ್ತಾನೆ, ಆಟಗಾರ ನೋಡಿ ಸಹಿ ಹಾಕುತ್ತಾನೆ. ಹದಿನೇಳನೇ ಹೋಲಿನಲ್ಲಿ ಮೂರರ ಬದಲು ನಾಲ್ಕು ಎಂದು ಬರೆಯಲಾಗಿತ್ತು. ಡಿ ವಿಸೆಂಜೊ ನೋಡದೆ ಸಹಿ ಹಾಕಿದರು. ಲಕ್ಷಾಂತರ ಜನ ಟಿವಿಯಲ್ಲಿ ಕಂಡ ಮೂರು, ಕಾಗದದ ಮೇಲೆ ನಾಲ್ಕಾಗಿಯೇ ಉಳಿಯಿತು. ಕೋಟು ಗೋಲ್ಬಿಗೆ ಹೋಯಿತು. ಡಿ ವಿಸೆಂಜೊ ತಪ್ಪು ತಮ್ಮದೇ ಎಂದರು, ಯಾರನ್ನೂ ದೂರಲಿಲ್ಲ.

ನನ್ನ ತಕರಾರು ಶುರುವಾಗುವುದು ಇಲ್ಲಿಂದಲೇ. ಒಂದು ಅಂಕಿಯ ವಿಷಯದಲ್ಲಿ ಇಷ್ಟು ನಿಷ್ಠುರವಾಗಿದ್ದ ಸಂಸ್ಥೆ, ಅದೇ ಹೊತ್ತಿನಲ್ಲಿ ಯಾರು ಆಡಬೇಕು ಎಂಬ ವಿಷಯದಲ್ಲಿ ಕಣ್ಣು ಮುಚ್ಚಿಕೊಂಡಿತ್ತು. ಮಾಸ್ಟರ್ಸ್ ಆಹ್ವಾನದ ಟೂರ್ನಿ. ಅರ್ಜಿ ಹಾಕಿ ಅರ್ಹತಾ ಸುತ್ತು ಆಡಿ ಒಳಗೆ ಬರುವ ದಾರಿ ಇಲ್ಲ. ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಮೆರಿಕದ ವೃತ್ತಿಪರ ಗಾಲ್ಫ್ ಸಂಸ್ಥೆ ಬಿಳಿಯರಿಗೆ ಮಾತ್ರ ಸದಸ್ಯತ್ವ ಎಂಬ ತನ್ನ ನಿಯಮವನ್ನು 1961ರಲ್ಲಿ ಕೈಬಿಟ್ಟಿತು. ಕರಿಯ ಆಟಗಾರರಾದ ಪೀಟ್ ಬ್ರೌನ್ 1964ರಲ್ಲಿ, ಚಾರ್ಲಿ ಸಿಫರ್ಡ್ 1967 ಮತ್ತು 1969ರಲ್ಲಿ ವೃತ್ತಿಪರ ಸರಣಿಯ ಪಂದ್ಯಗಳನ್ನು ಗೆದ್ದರು. ಅಗಸ್ಟಾದಿಂದ ಕರೆ ಬರಲಿಲ್ಲ. ನಿಯಮಗಳ ಪ್ರಕಾರ ಅವರಿಗೆ ಅರ್ಹತೆ ಇಲ್ಲ ಎಂಬುದು ಕ್ಲಬ್ಬಿನ ವಾದ. ನಿಯಮ ಬರೆದವರೂ ಅವರೇ. ಹಿಂದಿನ ಚಾಂಪಿಯನ್ನರು ಮತ ಹಾಕಿ ಒಬ್ಬ ಆಟಗಾರನನ್ನು ಕರೆಸಿಕೊಳ್ಳಲು ಆಗ ಅವಕಾಶವಿತ್ತು. ಆ ಬಾಗಿಲೂ ಕರಿಯ ಆಟಗಾರನಿಗೆ ತೆರೆಯಲಿಲ್ಲ. ಒಟ್ಟಿಗೆ ಕೂತು ಉಣ್ಣುವ ಆ ಮೇಜಿನ ಬಗ್ಗೆ ನಾನು ಆಗಲೇ ಮೆಚ್ಚಿ ಬರೆದೆ. ಆ ಮೇಜಿನ ಸುತ್ತ ಕೂತವರ ಕೈಯಲ್ಲಿ ಈ ಮತವೂ ಇತ್ತು ಎನ್ನುವುದನ್ನು ಮರೆಯುವಂತಿಲ್ಲ.

1970ರ ದಶಕದ ಆರಂಭದಲ್ಲಿ ನಿಯಮ ಬದಲಾಗಿ, ಸರಣಿಯ ಪಂದ್ಯ ಗೆದ್ದವರಿಗೆ ತಾನಾಗಿಯೇ ಆಹ್ವಾನ ಎಂದಾಯಿತು. 1974ರಲ್ಲಿ ಲೀ ಎಲ್ಡರ್ ಫ್ಲೋರಿಡಾದ ಪೆನ್ಸಕೋಲಾದಲ್ಲಿ ಮಾನ್ಸಾಂಟೊ ಓಪನ್ ಗೆದ್ದರು. 1975ರ ಏಪ್ರಿಲ್‌ನಲ್ಲಿ ಅಗಸ್ಟಾಕ್ಕೆ ಬಂದಾಗ ಜೀವಬೆದರಿಕೆಗಳಿದ್ದವು. ಎರಡು ಮನೆ ಬಾಡಿಗೆ ಹಿಡಿದು, ಒಂದರಿಂದ ಇನ್ನೊಂದಕ್ಕೆ ಬದಲಾಯಿಸುತ್ತ ಇದ್ದರು. 74, 78 ಹೊಡೆದು ಎರಡನೇ ದಿನವೇ ಹೊರಬಿದ್ದರು. ಅಡುಗೆಮನೆಯ, ಕ್ಲಬ್ ಹೌಸಿನ ಕರಿಯ ನೌಕರರು ಕೆಲಸ ಬಿಟ್ಟು ಹದಿನೆಂಟನೇ ಹೋಲಿನ ಬಳಿ ಸಾಲಾಗಿ ನಿಂತು ಅವರನ್ನು ಬರಮಾಡಿಕೊಂಡರು. ಆ ಭಾನುವಾರ ನಿಕ್ಲಾಸ್ ತಮ್ಮ ಐದನೇ ಕೋಟು ಗೆದ್ದರು. ದಾಖಲೆಯ ಪುಸ್ತಕದಲ್ಲಿ 1975 ನಿಕ್ಲಾಸ್ ಅವರ ವರ್ಷ. ನನ್ನ ಪುಸ್ತಕದಲ್ಲಿ ಅದು ಎರಡನೇ ದಿನವೇ ಹೊರಬಿದ್ದ ಎಲ್ಡರ್ ಅವರ ವರ್ಷ.

ಹಾಗಾದರೆ ಕರಿಯರು ಅಗಸ್ಟಾದ ಹುಲ್ಲು ತುಳಿದಿರಲಿಲ್ಲವೆ? ದಿನವೂ ತುಳಿದರು, ಚೀಲ ಹೊತ್ತು. 1982ರವರೆಗೂ ಇಲ್ಲಿ ಆಡುವವರು ಕ್ಲಬ್ಬಿನ ಕ್ಯಾಡಿಗಳನ್ನೇ ಇಟ್ಟುಕೊಳ್ಳಬೇಕಿತ್ತು, ಅವರೆಲ್ಲ ಅದೇ ಊರಿನ ಕರಿಯರು, ಮೈಮೇಲೆ ಬಿಳಿ ಸಮವಸ್ತ್ರ. ಗ್ರೀನಿನ ಯಾವ ಇಳಿಜಾರು ಕಣ್ಣಿಗೆ ಎಡಕ್ಕೆಂದು ಕಂಡು ಚೆಂಡನ್ನು ಬಲಕ್ಕೆ ಒಯ್ಯುತ್ತದೆ, ಹನ್ನೆರಡರಲ್ಲಿ ಗಾಳಿ ಯಾವ ಮರದ ತುದಿ ನೋಡಿ ತಿಳಿಯಬೇಕು ಎಂಬ ವಿದ್ಯೆ ಅವರದು. ಆರ್ನಾಲ್ಡ್ ಪಾಮರ್ ಗೆದ್ದ ನಾಲ್ಕೂ ಸಲ ಚೀಲ ಹೊತ್ತವರು ನೇಥನಿಯಲ್ ಏವರಿ. ನಿಕ್ಲಾಸ್ ಗೆದ್ದ ಮೊದಲ ಐದರಲ್ಲಿ ಜೊತೆಗಿದ್ದವರು ವಿಲ್ಲಿ ಪೀಟರ್ಸನ್. ಎಷ್ಟು ಜನರಿಗೆ ಈ ಹೆಸರು ಗೊತ್ತು?

ಕಾರ್ಲ್ ಜಾಕ್ಸನ್ ಕಥೆಯನ್ನಾದರೂ ಹೇಳಲೇಬೇಕು. 1961ರಲ್ಲಿ, ಹದಿನಾಲ್ಕರ ಹುಡುಗನಾಗಿದ್ದಾಗ ಮೊದಲ ಮಾಸ್ಟರ್ಸ್‌ನಲ್ಲಿ ಚೀಲ ಹೊತ್ತವರು, ಒಟ್ಟು 54 ಮಾಸ್ಟರ್ಸ್‌ಗಳಲ್ಲಿ ಹೊತ್ತರು. 1995ರಲ್ಲಿ ಬೆನ್ ಕ್ರೆನ್ಶಾ ತಮ್ಮ ಗುರು ಹಾರ್ವಿ ಪೆನಿಕ್ ಅವರ ಶವಪೆಟ್ಟಿಗೆಗೆ ಹೆಗಲು ಕೊಟ್ಟು ಟೂರ್ನಿಯ ಹಿಂದಿನ ದಿನ ಟೆಕ್ಸಸ್‌ನಿಂದ ವಾಪಸಾಗಿದ್ದರು. ಆ ವಾರದ ಅಭ್ಯಾಸದಲ್ಲಿ ಅವರ ಕ್ಯಾಡಿ ಜಾಕ್ಸನ್ ಕ್ರೆನ್ಶಾ ಆಟವನ್ನು ಗಮನಿಸಿ, ಚೆಂಡನ್ನು ತುಸು ಹಿಂದಕ್ಕೆ ಇಟ್ಟುಕೊಳ್ಳಿ, ಭುಜವನ್ನು ಬಿಗಿಯಾಗಿ ತಿರುಗಿಸಿ ಎಂದು ಹೇಳಿದರು. ಅಷ್ಟೇ ತಿದ್ದುಪಡಿ. ಭಾನುವಾರ ಕೊನೆಯ ಪಟ್ ಒಳಗೆ ಬಿದ್ದಾಗ ಕ್ರೆನ್ಶಾ ಸೊಂಟದಿಂದ ಬಾಗಿ ಮುಖ ಮುಚ್ಚಿಕೊಂಡರು. ಎತ್ತರದ ಜಾಕ್ಸನ್ ಹಿಂದಿನಿಂದ ಬಂದು ಅವರ ಮೇಲೆ ಕೈಯಿಟ್ಟು ನಿಂತರು. ಮಾಸ್ಟರ್ಸ್‌ನ ಎಲ್ಲ ಚಿತ್ರಗಳಲ್ಲಿ ನನಗೆ ಅದು ದೊಡ್ಡದು. ಕೋಟು ಒಬ್ಬರಿಗೆ ಬಂತು, ಗೆಲುವು ಇಬ್ಬರದು.

1982ರಲ್ಲಿ ಮಳೆಯಿಂದ ನಿಂತ ಆಟ ಮತ್ತೆ ಶುರುವಾದಾಗ ಕೆಲವು ಕ್ಯಾಡಿಗಳು ಸಮಯಕ್ಕೆ ಬರಲಿಲ್ಲ ಎಂಬ ದೂರೆದ್ದು, ಮರುವರ್ಷದಿಂದ ಆಟಗಾರರು ತಮ್ಮದೇ ಕ್ಯಾಡಿಗಳನ್ನು ತರಬಹುದೆಂದಾಯಿತು. ನ್ಯಾಯವಾಗಿ ನೋಡಿದರೆ ಆಟಗಾರನಿಗೆ ಆ ಸ್ವಾತಂತ್ರ್ಯ ಇರಬೇಕಾದ್ದೇ. 1986ರಲ್ಲಿ 46ರ ನಿಕ್ಲಾಸ್ ಕೊನೆಯ ದಿನ 65 ಹೊಡೆದು ಆರನೇ ಕೋಟು ಗೆದ್ದಾಗ ಚೀಲ ಹೊತ್ತಿದ್ದು ಅವರ ಮಗ. ಆದರೆ ತಲೆಮಾರುಗಳಿಂದ ಆ ನೆಲವನ್ನು ಓದಿದವರ ಕೈಯಿಂದ ವರ್ಷದ ಅತಿ ದೊಡ್ಡ ಗಳಿಕೆಯ ವಾರ ಜಾರಿಹೋಯಿತು. ಅವರ ವಿದ್ಯೆಗೆ ಸಿಗಬೇಕಿದ್ದ ಮರ್ಯಾದೆ ಆಗಲೂ ಸಿಗಲಿಲ್ಲ. ಕ್ಲಬ್ಬು ಮೊದಲ ಕರಿಯ ಸದಸ್ಯನನ್ನು ಸೇರಿಸಿಕೊಂಡದ್ದು 1990ರಲ್ಲಿ. ಮೊದಲ ಮಹಿಳಾ ಸದಸ್ಯರು, ಕೊಂಡೊಲೀಸಾ ರೈಸ್ ಮತ್ತು ಡಾರ್ಲಾ ಮೂರ್, ಬಂದದ್ದು 2012ರಲ್ಲಿ.

1997ರಲ್ಲಿ 21 ವರ್ಷದ ಟೈಗರ್ ವುಡ್ಸ್ ಮೊದಲ ಒಂಬತ್ತು ಹೋಲುಗಳಿಗೆ 40 ಹೊಡೆದು, ಆಮೇಲೆ ಎಲ್ಲರನ್ನೂ ಹಿಂದಿಕ್ಕಿ 12 ಹೊಡೆತಗಳ ಅಂತರದಿಂದ ಗೆದ್ದರು. ಆ ಭಾನುವಾರ ಎಲ್ಡರ್ ಅಲ್ಲಿದ್ದರು. ವುಡ್ಸ್ ಎಲ್ಡರ್‌ಗೆ ಧನ್ಯವಾದ ಹೇಳಿದರು. ನಮ್ಮ ದೇಶದ ಸರದಿ ಬಂದದ್ದು ಇನ್ನೂ ತಡವಾಗಿ. ಭಾರತದಿಂದ ಮೊದಲು ಕರೆ ಪಡೆದವರು ಜೀವ್ ಮಿಲ್ಖಾ ಸಿಂಗ್, 2007ರಲ್ಲಿ. ಬೆಂಗಳೂರಿನಲ್ಲಿ ಪಳಗಿದ ಅನಿರ್ಬನ್ ಲಾಹಿರಿ 2015ರಲ್ಲಿ ಆಡಿದರು. ಬಿಡದಿಯ ಈಗಲ್‌ಟನ್ ಮೈದಾನದ ಪಕ್ಕದ ಹಳ್ಳಿಯಿಂದ ಬಂದು ವೃತ್ತಿಪರರಾಗಿ ಗೆದ್ದ ಚಿಕ್ಕರಂಗಪ್ಪ ಅವರನ್ನು ಬಲ್ಲ ನಮಗೆ, ಬೇಲಿಯ ಆಚೆಯಿಂದ ಈಚೆಗೆ ಬರುವುದು ಎಂದರೇನು ಎಂಬುದು ದೂರದ ಕಥೆಯಲ್ಲ.

ಆದ್ದರಿಂದ ನನ್ನ ತೀರ್ಮಾನ ಹೀಗೆ. ಮಾಸ್ಟರ್ಸ್ ಗಾಲ್ಫಿನ ಅತ್ಯುತ್ತಮ ರಂಗಸ್ಥಳ, ಅದರಲ್ಲಿ ಅನುಮಾನವಿಲ್ಲ. ಸ್ನೀಡ್, ಹೋಗನ್, ಪಾಮರ್, ಪ್ಲೇಯರ್, ನಿಕ್ಲಾಸ್ ಹೊಡೆದ ಹೊಡೆತಗಳು ನಿಜ, ಅವುಗಳ ಹೊಳಪು ಯಾರೂ ಕಸಿಯಲಾರರು. ಆದರೆ 1974ರವರೆಗಿನ ಚಾಂಪಿಯನ್ನರ ಪಟ್ಟಿ ಒಳಗೆ ಬಿಡಲಾದವರಲ್ಲಿ ಗೆದ್ದವರ ಪಟ್ಟಿಯೇ ಹೊರತು ಎಲ್ಲರಲ್ಲಿ ಗೆದ್ದವರದಲ್ಲ. ಎಲ್ಡರ್ ಹೆಸರಿನಲ್ಲಿ ಅಗಸ್ಟಾದ ಪೇನ್ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ಇಟ್ಟದ್ದು, 2021ರಲ್ಲಿ ಅವರನ್ನು ಕುರ್ಚಿಯಲ್ಲಿ ಕೂರಿಸಿ ಗೌರವಿಸಿದ್ದು ಒಳ್ಳೆಯ ಕೆಲಸವೇ. ಅದು 1975ರಲ್ಲಿ ಎಲ್ಡರ್ ನಡೆದ ದಾರಿಗೆ ಸಂದ ಗೌರವ. ಅವರಿಗಿಂತ ಮುಂಚೆ ಗೇಟಿನ ಹೊರಗೇ ಉಳಿದವರಿಗೆ ಸಂದದ್ದಲ್ಲ.

ಟೈಗರ್ ವುಡ್ಸ್ ತಮ್ಮ ಮಗನಿಗೆ ಚಾರ್ಲಿ ಸಿಫರ್ಡ್ ಅವರ ಹೆಸರಿಟ್ಟರು. ಸಿಫರ್ಡ್ 2015ರ ಫೆಬ್ರವರಿಯಲ್ಲಿ 92ನೇ ವಯಸ್ಸಿನಲ್ಲಿ ತೀರಿಕೊಂಡರು. ಮಾಸ್ಟರ್ಸ್‌ನಲ್ಲಿ ಅವರು ಒಂದು ಸಲವೂ ಆಡಲಿಲ್ಲ.